ವಂಡರ್ ವುಮನ್‌ಳ ಗೆಳತಿಯರು ಎಲ್ಲಿ ಹೋದರು?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ವಂಡರ್ ವುಮನ್ ಬಗ್ಗೆ. ಚಿತ್ರಕಥೆ ಪುಸ್ತಕದಲ್ಲಿ ಹುಟ್ಟಿ ಎಂಬತ್ತು ವರ್ಷ ದಾಟಿದವಳು. ಟಿವಿಯವರು, ಸಿನಿಮಾದವರು, ಕಾರ್ಟೂನಿನವರು ಅವಳನ್ನು ಎಷ್ಟೋ ಸಲ ತೆರೆಗೆ ತಂದಿದ್ದಾರೆ. ತಂದಾಗಲೆಲ್ಲ ಉಡುಪು ಹೀಗಿರಬೇಕಿತ್ತು, ನಟಿ ಇನ್ನೂ ಗಟ್ಟಿಮುಟ್ಟಾಗಿರಬೇಕಿತ್ತು ಎಂಬ ಜಗಳ ಇದ್ದದ್ದೇ. ಆ ಜಗಳ ಅತ್ತ ಇರಲಿ. ನನ್ನ ಮನಸ್ಸನ್ನು ಕೊರೆಯುತ್ತಿರುವುದು ಇನ್ನೊಂದು ಸಂಗತಿ. ಮೂಲ ಪುಸ್ತಕದಲ್ಲಿ ಅವಳ ಸುತ್ತ ಹೆಂಗಸರ ಒಂದು ದಂಡೇ ಇತ್ತು. ತೆರೆಗೆ ಬರುವ ಹೊತ್ತಿಗೆ ಅವರೆಲ್ಲ ಕಾಣೆಯಾಗಿರುತ್ತಾರೆ.

ಮೊದಲು ಪುಸ್ತಕದ ಕಥೆ ಹೇಳಿಬಿಡುತ್ತೇನೆ. 1941ರ ಕೊನೆಯಲ್ಲಿ ಅಮೆರಿಕದ ‘ಆಲ್ ಸ್ಟಾರ್ ಕಾಮಿಕ್ಸ್’ ಎಂಟನೇ ಸಂಚಿಕೆಯಲ್ಲಿ ಅವಳು ಮೊದಲ ಸಲ ಕಾಣಿಸಿಕೊಂಡಳು. ಬರೆದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಃಶಾಸ್ತ್ರಜ್ಞ. ಚಿತ್ರ ಹ್ಯಾರಿ ಪೀಟರ್ ಅವರದು. ಸುಳ್ಳು ಹೇಳುವವನ ರಕ್ತದೊತ್ತಡ ಏರುತ್ತದೆ ಎಂದು ಅಳೆದು ತೋರಿಸಲು ಹೊರಟ ಮನುಷ್ಯ ಈ ಮಾರ್ಸ್ಟನ್. ಮುಂದೆ ಬಂದ ಸುಳ್ಳುಪತ್ತೆ ಯಂತ್ರದ ಹಿಂದೆ ಅವರ ಕೆಲಸವೂ ಇದೆ. ಅವರ ನಾಯಕಿಯ ಸೊಂಟದಲ್ಲಿ ಬಂಗಾರದ ಹಗ್ಗ ಇರುವುದು ಸುಮ್ಮನೆ ಅಲ್ಲ. ಅದರ ಕುಣಿಕೆಗೆ ಸಿಕ್ಕವರು ಅವಳು ಹೇಳಿದಂತೆ ಕೇಳಬೇಕು, ನಿಜ ಬಾಯಿಬಿಡಬೇಕು.

ಅವಳ ಊರು ಹೆಂಗಸರೇ ಇರುವ ಒಂದು ದ್ವೀಪ. ಹಿಪಾಲಿಟಾ ಅಲ್ಲಿಯ ರಾಣಿ, ಆ ರಾಣಿಯ ಮಗಳು ಡಯಾನಾಳೇ ನಮ್ಮ ವಂಡರ್ ವುಮನ್. ಸ್ಟೀವ್ ಟ್ರೆವರ್ ಎಂಬ ಅಮೆರಿಕನ್ ಪೈಲಟ್ ವಿಮಾನ ಸಮೇತ ಅಲ್ಲಿಗೆ ಬಂದು ಬೀಳುತ್ತಾನೆ. ಅವನನ್ನು ವಾಪಸ್ ಕರೆದೊಯ್ದು ಯುದ್ಧದಲ್ಲಿ ನೆರವಾಗಲು ಯಾರು ಹೋಗಬೇಕು ಎಂದು ಸ್ಪರ್ಧೆ ಏರ್ಪಡುತ್ತದೆ. ಅದರಲ್ಲಿ ಗೆದ್ದವಳು ಡಯಾನಾ.

ಇಷ್ಟು ಕೇಳುವಾಗ ನಮ್ಮ ಕಡೆಯವರಿಗೆ ತಟ್ಟನೆ ನೆನಪಾಗುವುದು ಪ್ರಮೀಳೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆಯ ಬೆನ್ನು ಹತ್ತಿ ಅರ್ಜುನ ಸ್ತ್ರೀರಾಜ್ಯಕ್ಕೆ ಬರುತ್ತಾನೆ. ಕುದುರೆ ಕಟ್ಟಿಹಾಕಿದವಳು ಅಲ್ಲಿಯ ರಾಣಿ ಪ್ರಮೀಳೆ. ಯಕ್ಷಗಾನದಲ್ಲಿ ಈ ಪ್ರಸಂಗ ನೋಡಿದವರಿಗೆ ಗೊತ್ತು, ಪ್ರಮೀಳೆ ರಂಗಕ್ಕೆ ಬರುವಾಗ ಸಖಿಯರೂ ಬರಬೇಕು. ಅವರ ಒಡ್ಡೋಲಗವೇ ಅವಳ ರಾಜ್ಯ. ನಾನು ನೋಡಿದ ಕೆಲವು ಕಾಲಮಿತಿ ಆಟಗಳಲ್ಲಿ ಸಖಿಯರನ್ನು ಕೈಬಿಟ್ಟು ಪ್ರಮೀಳೆ ಒಬ್ಬಳನ್ನೇ ಅರ್ಜುನನ ಎದುರು ನಿಲ್ಲಿಸಿದ್ದರು. ಪದ್ಯ ಅದೇ, ಹೆಜ್ಜೆ ಅದೇ. ಆದರೆ ಎದುರಿಗೆ ಒಂದು ರಾಜ್ಯ ನಿಂತಿದೆ ಅನ್ನಿಸಲಿಲ್ಲ, ಮದುವೆಗೆ ಸಿದ್ಧಳಾದ ಒಬ್ಬ ಹುಡುಗಿ ನಿಂತಿದ್ದಾಳೆ ಅನ್ನಿಸಿತು. ವಂಡರ್ ವುಮನ್‌ಗೆ ತೆರೆಯ ಮೇಲೆ ಆಗಿರುವುದೂ ಇಂಥದ್ದೇ.

ಡಯಾನಾ ದ್ವೀಪ ಬಿಟ್ಟು ಬಂದ ಮೇಲೂ ಮಾರ್ಸ್ಟನ್ ಅವಳನ್ನು ಒಂಟಿ ಮಾಡಲಿಲ್ಲ. 1942ರ ಆರಂಭದಲ್ಲಿ ಬಂದ ‘ಸೆನ್ಸೇಷನ್ ಕಾಮಿಕ್ಸ್’ ಎರಡನೇ ಸಂಚಿಕೆ ತೆಗೆದು ನೋಡಿ. ಡಾಕ್ಟರ್ ಪಾಯ್ಸನ್ ಎಂಬ ವಿಷವಿದ್ಯೆಯ ಖಳ ಸ್ಟೀವ್‌ನನ್ನು ಹಿಡಿದಿಟ್ಟುಕೊಂಡಿದ್ದಾನೆ. ಡಯಾನಾ ಯಾರ ಹತ್ತಿರ ಹೋಗುತ್ತಾಳೆ? ಸೈನ್ಯದ ಹತ್ತಿರವೂ ಅಲ್ಲ, ಪೊಲೀಸರ ಹತ್ತಿರವೂ ಅಲ್ಲ. ಹಾಲಿಡೇ ಕಾಲೇಜಿನ ಎಟ್ಟಾ ಕ್ಯಾಂಡಿಯ ಹತ್ತಿರ. ಎಟ್ಟಾ ದಪ್ಪಗೆ, ಗಿಡ್ಡಗೆ ಇರುವ ಹುಡುಗಿ, ಕೈಯಲ್ಲಿ ಸದಾ ಮಿಠಾಯಿ, ಹೆದರಿಕೆ ಎಂಬುದು ಹತ್ತಿರ ಸುಳಿಯದು. ಅವಳು ಕಾಲೇಜಿನ ಹುಡುಗಿಯರ ಪಡೆ ಕಟ್ಟಿಕೊಂಡು ಬಂದು ಖಳನ ಅಡ್ಡೆಗೇ ನುಗ್ಗುತ್ತಾಳೆ. ಕೊನೆಗೆ ಮುಸುಕು ತೆಗೆದರೆ ಆ ಡಾಕ್ಟರ್ ಪಾಯ್ಸನ್ ಕೂಡ ಹೆಂಗಸೇ, ಮಾರು ಎಂಬ ರಾಜಕುಮಾರಿ! ಮುಂದೆ ಸಂಚಿಕೆಯ ಮೇಲೆ ಸಂಚಿಕೆ, ಕಷ್ಟ ಬಂದಾಗ ಡಯಾನಾ ಕೂಗಿ ಕರೆಯುವುದು ಈ ಹುಡುಗಿಯರನ್ನೇ.

ಆ ಪುಸ್ತಕಗಳಲ್ಲಿ ಹುಳುಕಿಲ್ಲ ಎಂದು ನಾನು ಹೇಳಲಾರೆ. ಎಟ್ಟಾಳ ದಪ್ಪ ಮೈಯನ್ನು ನಗೆಗೆ ಬಳಸಿದ್ದು, ಬೇರೆ ಜನಾಂಗದವರನ್ನು ಕೀಳಾಗಿ ಚಿತ್ರಿಸಿದ್ದು, ಪುಟಪುಟಕ್ಕೂ ಹೆಂಗಸರನ್ನು ಹಗ್ಗ ಸರಪಳಿಗಳಲ್ಲಿ ಕಟ್ಟಿಹಾಕಿದ್ದು ಇವತ್ತು ಓದುವಾಗ ಕಣ್ಣಿಗೆ ಚುಚ್ಚುತ್ತದೆ. ಇನ್ನೂ ಒಂದಿದೆ. ಬೇರೆ ಲೇಖಕರು ಬರೆಯುತ್ತಿದ್ದ ‘ಜಸ್ಟಿಸ್ ಸೊಸೈಟಿ’ ಎಂಬ ವೀರರ ಸಂಘಕ್ಕೆ 1942ರಲ್ಲಿ ಅವಳನ್ನು ಸೇರಿಸಿಕೊಂಡರು. ಕೊಟ್ಟ ಹುದ್ದೆ ಕಾರ್ಯದರ್ಶಿಯದು. ಬೆಟ್ಟ ಎತ್ತಬಲ್ಲವಳನ್ನು ಸಭೆಯ ನಡಾವಳಿ ಬರೆಯಲು ಕೂರಿಸಿದರು. ಸಿಟ್ಟು ಬರುತ್ತದೆ. ಆದರೂ ಆಪತ್ತಿಗೆ ಮೊದಲು ಓಡಿಬರುವವಳು ಗೆಳತಿ ಎಂಬುದನ್ನು ಅಷ್ಟು ಸಲೀಸಾಗಿ, ಅಷ್ಟು ಖುಷಿಯಾಗಿ ತೋರಿಸಿದ ವೀರಕಥೆ ನಾನು ಇನ್ನೊಂದು ಕಂಡಿಲ್ಲ.

ಇನ್ನು ತೆರೆಯ ವಿಷಯಕ್ಕೆ ಬರೋಣ. 1967ರಲ್ಲಿ ಐದು ನಿಮಿಷವೂ ಇಲ್ಲದ ಒಂದು ಪರೀಕ್ಷಾ ತುಣುಕು ತಯಾರಾಯಿತು. ಅದರಲ್ಲಿ ಡಯಾನಾ ಕನ್ನಡಿ ಎದುರು ನಿಂತು ತಾನು ಸುಂದರಿ ಎಂದು ಭ್ರಮಿಸುವ ಹುಡುಗಿ. ಮಗಳಿಗೆ ಮದುವೆಯಾಗಲಿಲ್ಲವಲ್ಲ ಎಂದು ತಾಯಿಯ ಗೊಣಗಾಟ. ಪುಣ್ಯಕ್ಕೆ ಅದು ಪ್ರಸಾರವಾಗಲಿಲ್ಲ. 1974ರ ಟಿವಿ ಚಿತ್ರದಲ್ಲಿ ಅವಳಿಗೆ ಶಕ್ತಿಯೇ ಇಲ್ಲ. ಪುಸ್ತಕದಲ್ಲೂ 1968ರಿಂದ ಕೆಲವು ವರ್ಷ ಅವಳ ಶಕ್ತಿ ಕಿತ್ತುಕೊಂಡು ಸಾಧಾರಣ ಪತ್ತೇದಾರಿಣಿ ಮಾಡಿಟ್ಟಿದ್ದರು. ಅಮೆರಿಕದ ಸ್ತ್ರೀವಾದಿಗಳು ಅದನ್ನು ಸಹಿಸಲಿಲ್ಲ. ಗ್ಲೋರಿಯಾ ಸ್ಟೈನೆಮ್ ಅವರ ‘ಮಿಸ್’ ಪತ್ರಿಕೆ 1972ರ ಜುಲೈ ಸಂಚಿಕೆಯ ಮುಖಪುಟಕ್ಕೆ ಹಳೆಯ ಉಡುಪಿನ ವಂಡರ್ ವುಮನ್‌ಳನ್ನೇ ತಂದಿತು. ಮರುವರ್ಷ ಪುಸ್ತಕದಲ್ಲಿ ಶಕ್ತಿ ಮರಳಿತು.

1975ರಲ್ಲಿ ಬಂದವರು ಲಿಂಡಾ ಕಾರ್ಟರ್. ಈಗಲೂ ಎಷ್ಟೋ ಜನಕ್ಕೆ ವಂಡರ್ ವುಮನ್ ಅಂದರೆ ಅವರ ಮುಖವೇ. ಕೈ ಎರಡೂ ಚಾಚಿ ಗಿರ್ರನೆ ಸುತ್ತಿದರೆ ಫಳ್ ಎಂದು ಬೆಳಕು ಹೊಳೆದು ಉಡುಪು ಬದಲಾಗುತ್ತಿತ್ತು. ಆ ಸುತ್ತು ಪುಸ್ತಕದ್ದಲ್ಲ, ನೃತ್ಯ ಬಲ್ಲ ಲಿಂಡಾ ಅವರೇ ಸೂಚಿಸಿದ್ದು. ಎಗರುವ, ಬೀಳುವ ಸಾಹಸಗಳನ್ನು ಅವರ ಬದಲಿಗೆ ಮಾಡುತ್ತಿದ್ದವರು ಜೀನಿ ಎಪರ್ ಎಂಬ ಸಾಹಸ ಕಲಾವಿದೆ. ಲಿಂಡಾ ಪಾತ್ರವನ್ನು ಒಂದು ದಿನವೂ ಗೇಲಿ ಮಾಡಲಿಲ್ಲ. ಮಕ್ಕಳಾಟದಂಥ ದೃಶ್ಯದಲ್ಲೂ ಆ ಕಣ್ಣುಗಳಲ್ಲಿ ದಯೆ ಇರುತ್ತಿತ್ತು. ಇಷ್ಟು ಒಳ್ಳೆಯ ಸರಣಿಯಲ್ಲಿ ಎಟ್ಟಾ ಏನಾದಳು? ಸೈನ್ಯದ ಕಚೇರಿಯ ಗುಮಾಸ್ತೆಯಾದಳು. ಮೊದಲ ಸರಣಿ ಎರಡನೇ ಮಹಾಯುದ್ಧದ ಕಾಲದ್ದು. 1977ರಲ್ಲಿ ಚಾನೆಲ್ ಬದಲಾಯಿತು, ಕಥೆ ವರ್ತಮಾನಕ್ಕೆ ಜಿಗಿಯಿತು, ಎಟ್ಟಾಳ ಪಾತ್ರವೇ ಹೋಯಿತು. ತಂಗಿ ಡ್ರುಸಿಲ್ಲಾ ಆಗಿ ಡೆಬ್ರಾ ವಿಂಗರ್ ಆರಂಭದ ಕೆಲವೇ ಕಂತುಗಳಲ್ಲಿ ಬಂದು ಹೋದರು. 1979ರಲ್ಲಿ ಸರಣಿ ಮುಗಿಯುವಾಗ ಡಯಾನಾ ಗಂಡಸರ ಕಚೇರಿಯಲ್ಲಿ ದುಡಿಯುವ ಒಂಟಿ ಹೆಣ್ಣು.

ಸೂಪರ್‌ಮ್ಯಾನ್‌ಗೆ 1978ರಲ್ಲೇ ದೊಡ್ಡ ಬಜೆಟ್ಟಿನ ಸಿನಿಮಾ ಸಿಕ್ಕಿತು. ವಂಡರ್ ವುಮನ್ ತನ್ನದೇ ಹೆಸರಿನ ದೊಡ್ಡ ಸಿನಿಮಾಕ್ಕೆ 2017ರವರೆಗೆ ಕಾಯಬೇಕಾಯಿತು. ಪ್ಯಾಟಿ ಜೆಂಕಿನ್ಸ್ ನಿರ್ದೇಶನ, ಗಾಲ್ ಗಾಡೋಟ್ ನಾಯಕಿ. ಜಗತ್ತಿನಾದ್ಯಂತ 80 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ದ್ವೀಪದ ಮೊದಲ ಭಾಗವನ್ನು ನಾನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಅಲ್ಲಿಯ ಯೋಧೆಯರಲ್ಲಿ ಬಾಕ್ಸಿಂಗ್ ಚಾಂಪಿಯನ್ ಆನ್ ವುಲ್ಫ್ ಇದ್ದಾರೆ. ಅವರ ತೋಳು, ನಿಲುವು, ಕುದುರೆ ಮೇಲೆ ಕೂರುವ ಗತ್ತು ನೋಡಿದರೆ ದುಡಿದು ಗಟ್ಟಿಯಾದ ಮೈ ಎಂದು ಗೊತ್ತಾಗುತ್ತದೆ. ಸೇನಾನಿ ಆಂಟಿಯೋಪೆ ತನ್ನ ಸೋದರಿಯ ಮಗಳು ಡಯಾನಾಗೆ ಕತ್ತಿವರಸೆ ಕಲಿಸುವಾಗ ಪ್ರೀತಿಯೂ ಇದೆ, ಗದರಿಕೆಯೂ ಇದೆ.

ಆಮೇಲೆ ಡಯಾನಾ ದೋಣಿ ಹತ್ತುತ್ತಾಳೆ.

ಹೋದ ಅಡಿಕೆ ಕೊಯ್ಲಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಕ್ಕನ ಮನೆಯಲ್ಲಿದ್ದೆ. ರಾತ್ರಿ ಅಡಿಕೆ ಸುಲಿಯಲು ಬಂದ ಹೆಂಗಸರು ಸಾಲಾಗಿ ಕೂತಿದ್ದರು, ಮುಂದೆ ಮೆಟ್ಟುಗತ್ತಿ, ಪಕ್ಕದಲ್ಲಿ ಬುಟ್ಟಿ. ಶಿವಮೊಗ್ಗದಲ್ಲಿ ಕಾಲೇಜು ಓದುವ ಅಕ್ಕನ ಮಗಳು ಟಿವಿಯನ್ನು ಅವರಿಗೆ ಕಾಣುವ ಹಾಗೆ ತಿರುಗಿಸಿ ಈ ಸಿನಿಮಾ ಹಾಕಿದಳು, ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ದ್ವೀಪದ ಕಾಳಗ ಬರುವಾಗ ಸುಲಿಯುವ ಕೈಗಳು ನಿಂತಿದ್ದವು. ಲಂಡನ್ ಬಂತು, ರೈಲು ಬಂತು. ಒಬ್ಬ ಹಿರಿಯಾಕೆ ಕೇಳಿದರು: “ಅಲ್ಲ ಮಗಾ, ಅಷ್ಟು ಜನ ಕತ್ತಿ ಹಿಡ್ಕೊಂಡು ನಿಂತಿದ್ರಲ್ಲ, ಇವಳ ಸಂಗಡ ಒಬ್ರೂ ಬರ್ಲಿಲ್ವಾ?”

“ಇಲ್ಲಮ್ಮ, ಒಬ್ಳೇ ಹೋಗೋದು.”

“ಹೋದ ಊರಲ್ಲಾದ್ರೂ ಒಬ್ಬ ಗೆಳತಿ ಸಿಗ್ಬೇಕಿತ್ತಪ್ಪ.”

ಅಕ್ಕನ ಮಗಳು ನನ್ನ ಕಡೆ ತಿರುಗಿ, “ಹೌದಲ್ಲ ಚಿಕ್ಕಮ್ಮ?” ಅಂದಳು. ಆ ಹಿರಿಯಾಕೆ ಎಂದೂ ಆ ಪುಸ್ತಕ ಓದಿದವರಲ್ಲ. ವರ್ಷವಿಡೀ ನಟ್ಟಿಗೆ, ಕಳೆಗೆ, ಸುಲಿಯುವುದಕ್ಕೆ ಗುಂಪಿನಲ್ಲೇ ಹೋಗಿ ಗುಂಪಿನಲ್ಲೇ ಬರುವವರು. ಕಥೆಯ ಕೊರತೆ ಅವರ ಕಣ್ಣಿಗೆ ಕೂಡಲೇ ಬಿತ್ತು.

ಗೆಳತಿ ಇದ್ದಾಳೆ, ಲಂಡನ್ನಿನಲ್ಲಿ. ಲೂಸಿ ಡೇವಿಸ್ ಅಭಿನಯದ ಎಟ್ಟಾ, ಸ್ಟೀವ್‌ನ ಕಾರ್ಯದರ್ಶಿ. ಚೆಂದದ ನಟನೆ. ಡಯಾನಾಗೆ ಬಟ್ಟೆ ಕೊಡಿಸುತ್ತಾಳೆ, ಗಲ್ಲಿಯ ಹೊಡೆದಾಟದಲ್ಲಿ ಕತ್ತಿಯನ್ನೂ ಹಿಡಿಯುತ್ತಾಳೆ, ಜನ ನಗುತ್ತಾರೆ. ಆದರೆ ಯುದ್ಧಭೂಮಿಗೆ ಹೊರಡುವಾಗ ಅವಳನ್ನು ಲಂಡನ್ನಿನಲ್ಲೇ ಬಿಟ್ಟು ಹೋಗುತ್ತಾರೆ. ಡಯಾನಾ ಜೊತೆ ಹೊರಟವರು ಸ್ಟೀವ್ ಮತ್ತು ಮೂವರು ಗಂಡಸರು. ಸಿನಿಮಾದವರು ಖಳನಾಯಕಿಯಾಗಿ ಯಾರನ್ನು ತಂದರು ಗೊತ್ತೆ? ಡಾಕ್ಟರ್ ಮಾರು, ಅದೇ ಪಾಯ್ಸನ್! ಅಂದರೆ 1942ರ ಕಥೆ ಅವರಿಗೆ ಗೊತ್ತಿತ್ತು. ಅದರೊಳಗಿನ ವಿಷದ ಹೆಂಗಸನ್ನು ಎತ್ತಿಕೊಂಡರು, ಎದುರಿಸಿ ನಿಂತ ಹುಡುಗಿಯರನ್ನು ಅಲ್ಲೇ ಬಿಟ್ಟರು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆ ಸಿನಿಮಾದ ಹೆಸರಾಂತ ದೃಶ್ಯ ನಿಮಗೆ ನೆನಪಿರಬಹುದು. ಮೊದಲ ಮಹಾಯುದ್ಧದ ಕಂದಕ, ಆಚೆ ಜರ್ಮನರ ಗುಂಡು. ಕಂಕುಳಲ್ಲಿ ಮಗು ಹಿಡಿದ ಹೆಂಗಸೊಬ್ಬಳು ತನ್ನ ಊರಿನ ಕಷ್ಟ ಹೇಳಿ ಅಳುತ್ತಾಳೆ. ಗಂಡಸರೆಲ್ಲ ಆಗುವುದಿಲ್ಲ ಅನ್ನುವಾಗ ಡಯಾನಾ ಏಣಿ ಹತ್ತಿ ಮೇಲೆ ಬರುತ್ತಾಳೆ. ಕಂಕಣಕ್ಕೆ ಒಂದು ಗುಂಡು, ಗುರಾಣಿಗೆ ನೂರು. ಮೊಣಕಾಲೂರಿ ತಡೆದು ನಿಲ್ಲುತ್ತಾಳೆ. ಅದನ್ನು ನೋಡುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಇಡೀ ಸಿನಿಮಾದ ಕೀಲಿ ಇರುವುದು ಆ ಮಗುವಿನ ತಾಯಿಯ ಮಾತಿನಲ್ಲಿ. ಆದರೆ ಆಕೆ ಯಾರು, ಮುಂದೆ ಏನಾದಳು ಎಂದು ಸಿನಿಮಾ ಕೇಳುವುದಿಲ್ಲ.

2020ರ ಎರಡನೇ ಭಾಗದಲ್ಲಿ ಕೊನೆಗೂ ಬಾರ್ಬರಾ ಎಂಬ ಗೆಳತಿ ಸಿಕ್ಕಳು. ಇಬ್ಬರೂ ಕೂತು ಊಟ ಮಾಡಿ ನಗುವ ದೃಶ್ಯ ನೋಡಿ ನನಗೆ ಆಸೆ ಚಿಗುರಿತ್ತು. ಅವಳನ್ನೂ ಹೊಟ್ಟೆಕಿಚ್ಚಿನ ಶತ್ರು ಮಾಡಿ ಕೈತೊಳೆದುಕೊಂಡರು.

ಹಾಗಾದರೆ ಮೂಲದ ಜೀವ ತೆರೆಗೆ ಬಂದೇ ಇಲ್ಲವೇ? ಬಂದಿದೆ. ನನ್ನ ಮಟ್ಟಿಗೆ ಅದು 2019ರಲ್ಲಿ ಶುರುವಾದ ಮಕ್ಕಳ ಕಾರ್ಟೂನ್, ಲಾರೆನ್ ಫೌಸ್ಟ್ ರೂಪಿಸಿದ ‘ಡಿಸಿ ಸೂಪರ್ ಹೀರೋ ಗರ್ಲ್ಸ್’. ಅದರಲ್ಲಿ ಡಯಾನಾ ಹೈಸ್ಕೂಲ್ ಹುಡುಗಿ. ಬ್ಯಾಟ್‌ಗರ್ಲ್, ಸೂಪರ್‌ಗರ್ಲ್, ಬಂಬಲ್‌ಬೀ, ಜಟಾನಾ, ಹಸಿರು ಉಂಗುರದ ಜೆಸ್ಸಿಕಾ ಅವಳ ಜೊತೆಗಾರ್ತಿಯರು. ಜಗಳ ಆಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಒಬ್ಬಳು ಸಿಕ್ಕಿಬಿದ್ದರೆ ಉಳಿದವರು ಓಡಿಬರುತ್ತಾರೆ. ಕೋಟಿಗಟ್ಟಲೆ ಸುರಿದ ಸಿನಿಮಾಗಳಿಗಿಂತ ಎಟ್ಟಾಳ ಕಾಲೇಜಿಗೆ ಹತ್ತಿರ ಹೋದದ್ದು ಈ ಪುಟ್ಟ ಕಾರ್ಟೂನು. ದೊಡ್ಡವರೂ ನೋಡಬೇಕು.

ಪುಸ್ತಕದ ಆಚೆಗೂ ಹೆಂಗಸರಿದ್ದರು, ಅವರ ಹೆಸರನ್ನೂ ಈಗ ಹೇಳಬೇಕು. ವೀರ ಬೇಕಾದರೆ ಹೆಣ್ಣಾಗಿರಲಿ ಎಂದು ಮಾರ್ಸ್ಟನ್‌ಗೆ ಸೂಚಿಸಿದವರು ಪತ್ನಿ ಎಲಿಜಬೆತ್ ಎನ್ನುತ್ತಾರೆ. ಡಯಾನಾಳ ಕಂಕಣಕ್ಕೆ ಮಾದರಿ, ಆ ದಂಪತಿಯ ಸಂಗಾತಿಯಾಗಿ ಅದೇ ಮನೆಯಲ್ಲಿ ಬಾಳಿದ ಆಲಿವ್ ಬರ್ನ್ ತೊಡುತ್ತಿದ್ದ ಬಳೆಗಳು. ಟೆನಿಸ್ ಚಾಂಪಿಯನ್ ಆಲಿಸ್ ಮಾರ್ಬಲ್ ಹೆಸರಿನಲ್ಲಿ ಪುಸ್ತಕದ ನಡುವೆ ಚರಿತ್ರೆಯ ನಿಜವಾದ ಸ್ತ್ರೀಯರ ಬದುಕಿನ ಪುಟಗಳು ಬರುತ್ತಿದ್ದವು. ಮೊದಲು ಬಂದದ್ದು ಫ್ಲಾರೆನ್ಸ್ ನೈಟಿಂಗೇಲ್. ಮಾರ್ಸ್ಟನ್ ಕಾಯಿಲೆ ಬಿದ್ದಾಗ ಜಾಯ್ ಹಮೆಲ್ ಎಂಬ ಅವರ ವಿದ್ಯಾರ್ಥಿನಿ, 1944ರಿಂದ ಮೂರು ವರ್ಷ ಎಷ್ಟೋ ಕಥೆಗಳನ್ನು ಬರೆದರು. ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ. ಆ ಮನೆಯ ಕಥೆಯನ್ನು ಏಂಜೆಲಾ ರಾಬಿನ್ಸನ್ 2017ರಲ್ಲೇ ಸಿನಿಮಾ ಮಾಡಿದರು.

2023ರ ಜನವರಿಯಲ್ಲಿ, ವಂಡರ್ ವುಮನ್ ಸಿನಿಮಾಗಳನ್ನು ನೋಡಿಕೊಳ್ಳುವ ಡಿಸಿ ಸ್ಟುಡಿಯೋಸ್ ಸಂಸ್ಥೆಯ ಆಗಿನ ಹೊಸ ಮುಖ್ಯಸ್ಥರು ಹೆಂಗಸರ ದ್ವೀಪದ ಬಗ್ಗೆಯೇ ಒಂದು ಟಿವಿ ಸರಣಿ ತರುವುದಾಗಿ ಘೋಷಿಸಿದರು. ಸಂತೋಷ. ಆದರೆ ಅದು ಡಯಾನಾ ಹುಟ್ಟುವ ಮೊದಲಿನ ಕಥೆಯಂತೆ, ಅಂದರೆ ಹೆಂಗಸರಿರುತ್ತಾರೆ, ಅವಳಿರುವುದಿಲ್ಲ. ನನಗೆ ಇಬ್ಬರೂ ಒಂದೇ ಕಥೆಯಲ್ಲಿ ಬೇಕು. ಮುಂದಿನ ಸಿನಿಮಾ ಯಾರೇ ಮಾಡಲಿ, ಡಯಾನಾ ಏಣಿ ಹತ್ತುವಾಗ ಅವಳ ಹಿಂದೆಯೇ ಎಟ್ಟಾಳೂ ಹತ್ತಬೇಕು, ಹಾಲಿಡೇ ಕಾಲೇಜಿನ ಹುಡುಗಿಯರೆಲ್ಲ ಹತ್ತಬೇಕು. ಅಂಥದ್ದೊಂದು ಬಂದರೆ ತೀರ್ಥಹಳ್ಳಿಯ ಆ ಜಗಲಿಯಲ್ಲಿ ಹಾಕಿಸಿ ತೋರಿಸುವ ಜವಾಬ್ದಾರಿ ನನ್ನದು.

ನಮಸ್ಕಾರ.