ಗೋಡೆ ಮೇಲೆ ನಮ್ಮ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಡಗಿನಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಆಟದ ಮೈದಾನ ಕೆಸರು, ಹೆಂಚಿನ ಮೇಲೆ ಮಳೆ ಸದ್ದು, ಟೀಚರ್ ಹೇಳಿದ್ದು ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ನಾನು ಇಲ್ಲಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅಂಥ ಮಳೆಯ ದಿನಗಳಲ್ಲೇ, ಎರಡು ವರ್ಷದ ಹಿಂದೆ, ಆರು ಮತ್ತು ಏಳನೇ ಕ್ಲಾಸಿನ ಮಕ್ಕಳಿಗೆ ಗ್ರಾಫಿಟಿ ಅಕ್ಷರ, ಅಂದರೆ ಬೀದಿ ಗೋಡೆಗಳ ಮೇಲೆ ಚಿತ್ರದ ಥರ ಬರೆಯುವ ಹೆಸರಿನ ಅಕ್ಷರ, ಬರೆಯುವುದನ್ನು ಹೇಳಿಕೊಡಲು ಶುರು ಮಾಡಿದೆ. ಗೋಡೆ ಹಾಳು ಮಾಡೋದನ್ನು ಮಕ್ಕಳಿಗೆ ಕಲಿಸ್ತೀರಾ ಅಂತ ಪರಿಚಯದವರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಆಮೇಲೆ ಹೇಳುತ್ತೇನೆ, ಮೊದಲು ಒಬ್ಬ ಹುಡುಗನ ಕತೆ ಕೇಳಿ.

ನ್ಯೂಯಾರ್ಕಿನಲ್ಲಿ ಕಾಗದಪತ್ರ ತಲುಪಿಸುವ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಹೋದಲ್ಲೆಲ್ಲ, ರೈಲು ನಿಲ್ದಾಣ, ಬೀದಿ ಗೋಡೆ ಅನ್ನದೆ, ಮಾರ್ಕರ್ ಪೆನ್ನಿನಲ್ಲಿ ಟಾಕಿ 183 ಅಂತ ಬರೆಯುತ್ತಿದ್ದ. ಟಾಕಿ ಅವನ ಅಡ್ಡಹೆಸರು, 183 ಅವನ ಮನೆ ಇದ್ದ ಬೀದಿಯ ನಂಬರ್. ಯಾರಿದು, ಯಾರಿದು ಅಂತ ಊರೆಲ್ಲ ಮಾತಾಯಿತು. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ಬಗ್ಗೆಯೇ ಬರೆಯಿತು. ಆಮೇಲೆ ನೂರಾರು ಹುಡುಗರು ಹಾಗೇ ಬರೆಯತೊಡಗಿದರು. ಅವರಿಗೂ ಮೊದಲು ಫಿಲಡೆಲ್ಫಿಯಾದಲ್ಲಿ, 1960ರ ದಶಕದ ಕೊನೆಯಲ್ಲೇ, ಹೀಗೆ ಹೆಸರು ಬರೆಯುವವರಿದ್ದರು.

ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಒಬ್ಬ ಹುಡುಗ ತುಂಬಾ ಹೊತ್ತು ಸುಮ್ನೆ ಕೂತಿದ್ದ. ಅವನ ಅಪ್ಪ ಅಮ್ಮ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿರುವವರು. ಕೊನೆಗೆ ತನ್ನ ಹೆಸರು ಬರೆದು ಪಕ್ಕದಲ್ಲಿ 7 ಅಂತ ಹಾಕಿದ. ಏನಪ್ಪಾ ಇದು ಅಂದೆ. "ನಮ್ಮ ಲೈನಿನ ನಂಬರ್, ಟೀಚರ್" ಅಂದ. ಲೈನ್ ಮನೆ ಮಕ್ಕಳು ಅದನ್ನು ಅಷ್ಟು ಸುಲಭಕ್ಕೆ ಹೇಳಿಕೊಳ್ಳುವುದಿಲ್ಲ, ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ಇವನು ದಪ್ಪಗೆ, ಕೆಂಪು ಬಣ್ಣದಲ್ಲಿ ಬರೆದ. ಈ ಪಾಠ ಬಿಡಬಾರದು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತೇ.

ಈಗ ಅಕ್ಷರದ ವಿಷಯಕ್ಕೆ ಬರೋಣ. ಗ್ರಾಫಿಟಿಯಲ್ಲಿ ಒಂದೇ ಎಳೆತಕ್ಕೆ, ಸಹಿ ಥರ ಬರೆದರೆ ಅದು ಟ್ಯಾಗ್. ಉಬ್ಬಿದ ಬಲೂನಿನಂಥ ಅಕ್ಷರಕ್ಕೆ ಬಬಲ್ ಅಂತಾರೆ. 1970ರ ದಶಕದ ಶುರುವಿನಲ್ಲಿ ಇದನ್ನು ರೂಢಿಗೆ ತಂದವನು ಫೇಸ್ 2 ಅನ್ನೋ ಹೆಸರಲ್ಲಿ ಬರೆಯುತ್ತಿದ್ದ, ನ್ಯೂಯಾರ್ಕಿನದೇ ಭಾಗವಾದ ಬ್ರಾಂಕ್ಸಿನ ಹುಡುಗ ಅಂತ ಹೇಳುತ್ತಾರೆ. ಇನ್ನು ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು, ಬಾಣಗಳೆಲ್ಲ ಸೇರಿ, ಓದೋದೇ ಕಷ್ಟ ಆಗುವಂಥದ್ದು ವೈಲ್ಡ್‌ಸ್ಟೈಲ್. ಇದು ಮಕ್ಕಳಿಗೆ ಜಾಸ್ತಿ ಆಯಿತೇನೋ ಅಂದುಕೊಂಡಿದ್ದೆ. ಆದರೆ ರಂಗೋಲಿ ಹಾಕಿ ಅಭ್ಯಾಸ ಇದ್ದ ಹುಡುಗಿಯರು ಹತ್ತು ನಿಮಿಷದಲ್ಲಿ ಹಿಡಿದುಬಿಟ್ಟರು. ಚುಕ್ಕಿ ರಂಗೋಲಿಯಲ್ಲಿ ಒಂದು ಗೆರೆ ಇನ್ನೊಂದರ ಕೆಳಗೆ ನುಸುಳಿ ಆಚೆ ಬರುತ್ತದಲ್ಲ, ಅದೇ ಲೆಕ್ಕ.

ಕನ್ನಡದಲ್ಲಿ ಬಬಲ್ ಬರೆಯುವ ಕ್ರಮ ಹೇಳುತ್ತೇನೆ. ಪೆನ್ಸಿಲಿನಲ್ಲಿ ಅಕ್ಷರವನ್ನು ತೆಳ್ಳಗೆ, ದೊಡ್ಡದಾಗಿ ಬರೆಯಿರಿ. ಅದು ಮೂಳೆ. ಈಗ ಆ ಗೆರೆಯ ಸುತ್ತ ಒಂದು ಬೆರಳಿನಷ್ಟು ದೂರ ಬಿಟ್ಟು ಹೊರಗೆರೆ ಎಳೆಯಿರಿ, ಎಲ್ಲೂ ಮೂಲೆ ಚೂಪಾಗಬಾರದು. ಒಳಗಿನ ಮೂಳೆಯನ್ನು ರಬ್ಬರಿನಿಂದ ಅಳಿಸಿ. ಆಮೇಲೆ ನೆರಳು. ಬೆಳಕು ಎಡಗಡೆ ಮೇಲಿಂದ ಬರುತ್ತಿದೆ ಅಂದುಕೊಂಡರೆ ಎಲ್ಲ ಅಕ್ಷರಕ್ಕೂ ನೆರಳು ಬಲಗಡೆ ಕೆಳಗೇ ಬೀಳಬೇಕು. ಮಕ್ಕಳು ತಪ್ಪೋದು ಇಲ್ಲೇ, ಒಂದು ಅಕ್ಷರಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ಹಾಕಿಬಿಡುತ್ತಾರೆ. ಕಿಟಕಿ ಹತ್ತಿರ ಚಾಕ್‌ಪೀಸ್ ಡಬ್ಬಿ ಇಟ್ಟು ನೆರಳು ತೋರಿಸಿದರೆ ಥಟ್ಟನೆ ಅರ್ಥವಾಗುತ್ತದೆ.

ಇಂಗ್ಲಿಷ್ ಅಕ್ಷರಕ್ಕೆ ಇಲ್ಲದ ಕಷ್ಟ ಕನ್ನಡಕ್ಕೆ ಇದೆ. ನಮ್ಮ ಅಕ್ಷರ ಮೊದಲೇ ದುಂಡು. ಇನ್ನೂ ಉಬ್ಬಿಸಿದರೆ ಹೊಟ್ಟೆ ಮುಚ್ಚಿಹೋಗುತ್ತದೆ. ಒಬ್ಬ ಹುಡುಗ 'ಧನ' ಅಂತ ಬರೆದ. ದಪ್ಪ ಮಾಡುತ್ತಾ ಮಾಡುತ್ತಾ 'ಧ'ದ ಕೆಳಗಿನ ಸೀಳು ಮುಚ್ಚಿತು. ದುಡ್ಡು ಬರೆಯಲು ಹೋದವನ ಹಾಳೆಯ ಮೇಲೆ 'ದನ' ನಿಂತಿತ್ತು. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಆದರೆ ಅವತ್ತಿನಿಂದ ಅಲ್ಪಪ್ರಾಣ ಮಹಾಪ್ರಾಣ ತಪ್ಪಿಲ್ಲ ಅವನಿಗೆ. ಒಂದು ಸಣ್ಣ ಸೀಳು ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಅವನ ಕೈಗೇ ಗೊತ್ತಾಯಿತಲ್ಲ. ನೂರು ಸಲ ಕಾಪಿ ಬರೆಸಿದರೂ ಈ ನೋಟ ಬರುವುದಿಲ್ಲ ಅಂತ ನನ್ನ ಅನುಭವ.

ತಲೆಕಟ್ಟಿನ ವಿಷಯವೂ ಹಾಗೇ. ಒಬ್ಬ 'ಕ'ದ ತಲೆಕಟ್ಟನ್ನು ಹಕ್ಕಿ ಮಾಡಿದ, ಇನ್ನೊಬ್ಬಳು ಕೊಡೆ ಮಾಡಿದಳು. ಆಗ ಒಂದು ಹುಡುಗಿ ಅಳುಮೋರೆ ಮಾಡಿಕೊಂಡು ಬಂದಳು. ಅವಳ ಹೆಸರು 'ಜ'ದಿಂದ ಶುರು. "ನನ್ನ ಅಕ್ಷರಕ್ಕೆ ತಲೆಕಟ್ಟೇ ಇಲ್ಲ ಟೀಚರ್!" ಹೌದಲ್ವಾ? ಜ, ಬ, ಲ, ಣ, ಟ, ಇವಕ್ಕೆಲ್ಲ ತಲೆಕಟ್ಟು ಇಲ್ಲ. ನಮ್ಮಲ್ಲಿ ಎಷ್ಟು ಜನ ಇದನ್ನು ಗಮನಿಸಿದ್ದೇವೆ? ಅವಳು 'ಜ'ದ ಸುರುಳಿಯನ್ನೇ ಕಾಳುಮೆಣಸಿನ ಬಳ್ಳಿ ಮಾಡಿ, ತುದಿಯಲ್ಲಿ ಮೆಣಸಿನ ಕಾಳಿನ ಗೊಂಚಲು ಇಳಿಬಿಟ್ಟಳು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಈಗ ಗೋಡೆ ಹಾಳು ಮಾಡುವ ಪ್ರಶ್ನೆ. ಮೊದಲ ವರ್ಷ ನಮ್ಮ ಒಬ್ಬ ವಿದ್ಯಾರ್ಥಿ ಬಸ್ ತಂಗುದಾಣದ ಗೋಡೆಯ ಮೇಲೆ ತನ್ನ ಟ್ಯಾಗ್ ಬರೆದು ಬಂದ. ಊರವರು ನನ್ನನ್ನು ಕೇಳಿದರು, ಕೇಳಬೇಕಾದ್ದೇ. ತಪ್ಪು ನನ್ನದೂ ಇತ್ತು, ಯಾಕಂದರೆ ಬರೆಯೋದನ್ನು ಹೇಳಿಕೊಟ್ಟಿದ್ದೆ, ಎಲ್ಲಿ ಬರೆಯಬಾರದು ಅನ್ನೋದನ್ನು ಬಿಡಿಸಿ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ ಅವನೂ ನಾನೂ ಹೋಗಿ ಗೋಡೆ ಉಜ್ಜಿ ಸುಣ್ಣ ಬಳಿದು ಬಂದೆವು. ಈಗ ಮೊದಲ ಪಾಠವೇ ಅದು. ಕೇಳದೆ ಬೇರೆಯವರ ಗೋಡೆ ಮುಟ್ಟಬಾರದು. ಸಾರ್ವಜನಿಕ ಜಾಗ ಅಂದಗೆಡಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರಿಂದಲೇ ಕಾಯಿದೆ ಇದೆ ಅಂತಲೂ ಹೇಳುತ್ತೇನೆ. ಮಡಿಕೇರಿ ಕೋಟೆಯಂಥ ಹಳೆಯ ಕಟ್ಟಡದ ಕಲ್ಲಿನ ಮೇಲಂತೂ ಒಂದು ಗೀರೂ ಕೂಡದು. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ, ಗುಂಡಿಯ ಕಡೆ ಎಲ್ಲರ ಗಮನ ಸೆಳೆಯಲು, ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆ ಮಾಡಿಟ್ಟ ಫೋಟೊ ತೋರಿಸುತ್ತೇನೆ. ಬೀದಿಯಲ್ಲಿ ಕಲೆ ಮಾಡೋದಾದರೆ ಆ ಬೀದಿಯವರಿಗೆ ಅದರಿಂದ ಏನಾದರೂ ಆಗಬೇಕು ಅನ್ನೋದು ಮಕ್ಕಳಿಗೆ ಆ ಮೊಸಳೆ ನೋಡಿದರೆ ತಿಳಿಯುತ್ತದೆ.

ನಿಮ್ಮ ಶಾಲೆಯಲ್ಲೂ ಮಾಡಬೇಕು ಅನ್ನಿಸಿದರೆ, ಸ್ಪ್ರೇ ಡಬ್ಬಿ ತರಬೇಡಿ. ಅದರ ವಾಸನೆ ಮಕ್ಕಳ ಎದೆಗೆ ಒಳ್ಳೆಯದಲ್ಲ, ಬೆಲೆಯೂ ಜಾಸ್ತಿ. ಹೊರಗೋಡೆಗೆ ಬಳಿಯುವ, ನೀರಲ್ಲಿ ಕಲಸುವ ಪೇಂಟ್ ಸಾಕು, ಬ್ರಷ್ ಸಾಕು. ಮಳೆಗಾಲವೆಲ್ಲ ಹಾಳೆಯ ಮೇಲೇ ಬರೆಸಿ. ಗೋಡೆಗೆ ಕೈ ಹಾಕೋದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಗೋಡೆ ಚೆನ್ನಾಗಿ ಒಣಗಿದಾಗ. ನಮ್ಮ ಕಡೆ ಗೋಡೆಗೆ ಪಾಚಿ ಹಿಡಿದಿರುತ್ತದೆ, ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್ ಹೊಡೆಯದೆ ಬಣ್ಣ ಹಚ್ಚಿದರೆ ಮುಂದಿನ ಜೂನ್‌ಗೆ ಹಪ್ಪಳದ ಥರ ಎದ್ದುಬರುತ್ತದೆ. ಹಾಳೆಯಲ್ಲಿ ಬರೆದದ್ದನ್ನು ಗೋಡೆಗೆ ದೊಡ್ಡದು ಮಾಡಲು ಎರಡರ ಮೇಲೂ ಚೌಕ ಹಾಕಿಕೊಳ್ಳಿ, ಒಂದೊಂದು ಚೌಕ ನೋಡಿಕೊಂಡು ಬರೆಯಿರಿ. ಹಿಂದೆ ಬೋರ್ಡ್ ಬರೆಯುವವರು ಮಾಡುತ್ತಿದ್ದದ್ದೂ ಇದನ್ನೇ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಇಲ್ಲದಾಯಿತು. ನಿಮ್ಮೂರಲ್ಲಿ ಅಂಥವರು ಒಬ್ಬರಾದರೂ ಇದ್ದರೆ ದಯವಿಟ್ಟು ಶಾಲೆಗೆ ಕರೆಯಿರಿ. ಬ್ರಷ್ ಹಿಡಿದ ಕೈ ನಡುಗದಂತೆ ಕಿರುಬೆರಳನ್ನು ಗೋಡೆಗೆ ಊರಿಕೊಳ್ಳುವುದನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಅಂಥ ಒಬ್ಬ ಹಿರಿಯರೇ.

ಕಳೆದ ವರ್ಷ ಬಿಸಿಯೂಟದ ಕೋಣೆಯ ಹಿಂದಿನ ಗೋಡೆ ನಮಗೆ ಸಿಕ್ಕಿತು. ಏನು ಬರೆಯೋಣ ಅಂದಾಗ ಮಕ್ಕಳು ಆರಿಸಿದ ಪದ 'ಮಳೆ'. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ತಮಿಳು, ಮಲಯಾಳ ಆಡುವವರು, ಎಲ್ಲ ಸೇರಿ ಮೂರು ದಿನ ಬರೆದರು. ಬುಡದಲ್ಲಿ ಎಲ್ಲರ ಟ್ಯಾಗ್ ಸಣ್ಣದಾಗಿ ಇದೆ, ಆ 7 ಕೂಡ ಇದೆ. ಈ ಸಲದ ಮಳೆಗೆ 'ಳೆ'ಯ ಕೆಳಭಾಗದಲ್ಲಿ ಹಸಿರು ಪಾಚಿ ಬಂದಿತ್ತು. ಉಜ್ಜಿ ಸರಿಮಾಡೋಣ ಅಂತ ಬ್ರಷ್ ತೆಗೆದುಕೊಂಡೆ. "ಬೇಡ ಟೀಚರ್, ಬಣ್ಣ ಅದಕ್ಕೇ ಸರಿಯಾಗಿದೆ" ಅಂದರು. ಹಾಗೇ ಬಿಟ್ಟಿದ್ದೇವೆ.

ನಮಸ್ಕಾರ.