ಕೂಸಿನ ಮನೆಯಲ್ಲಿ ಮಗು ಬಿಡುವ ಮುಂಚೆ

ನಮಸ್ಕಾರ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ, ಅದರಲ್ಲೂ ಮೂರು ವರ್ಷದೊಳಗಿನ ಮಗು ಇರುವವರಿಗೆ ಈ ವಿಡಿಯೊ. ಅಪ್ಪಂದಿರೂ ದಯವಿಟ್ಟು ನೋಡಿ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬರುವವರು ಎಷ್ಟೋ ಮನೆಗಳಲ್ಲಿ ನೀವೇ, ಅಲ್ವಾ?

ಈಗ ನಿಮಗೆ ಕಾಣುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಕೂಸಿನ ಮನೆ. 2025ರ ಬೇಸಿಗೆಯಲ್ಲಿ ಶೂಟ್ ಮಾಡಿದ್ದು. ಊರಿನ ಹೆಸರು ಹೇಳುವುದಿಲ್ಲ, ಮಕ್ಕಳ ಮುಖವನ್ನೂ ತೋರಿಸುವುದಿಲ್ಲ. ಬಾಗಿಲಲ್ಲೇ ಆರೈಕೆದಾರರು ನನಗೆ ಹೇಳಿದ ಮೊದಲ ಮಾತು ಅದು. "ಅಕ್ಕ, ಗೋಡೆ ತೆಗೀರಿ, ತೊಟ್ಟಿಲು ತೆಗೀರಿ, ಮಕ್ಕಳ ಮುಖ ಮಾತ್ರ ಬೇಡ." ಕೇಳಿ ತುಂಬಾ ಸಂತೋಷವಾಯಿತು. ಇಂಥ ಜಾಗದಲ್ಲಿ ಮಗು ಬಿಡಬಹುದು ಅಂತ ಆಗಲೇ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ತಾಯಿ ಕೆಲಸದಲ್ಲಿರುವ ಹೊತ್ತು ಮಗುವನ್ನು ನೋಡಿಕೊಳ್ಳುವ ಜಾಗ ಇದು. ದುಡ್ಡು ಕೊಡಬೇಕಾಗಿಲ್ಲ. ಬೆಳಿಗ್ಗೆ ಬಿಟ್ಟು ಹೋಗಿ, ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುವುದು. ಮಗುವನ್ನು ನೋಡಿಕೊಳ್ಳುವವರು ಹೊರಗಿನಿಂದ ಬಂದವರಲ್ಲ. ಅದೇ ಪಂಚಾಯಿತಿಯ, ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳು. ತರಬೇತಿ ಪಡೆದು ಬಂದಿರುತ್ತಾರೆ. ಅವರಿಗೆ ಸಿಗುವುದೂ ಖಾತ್ರಿಯ ಕೂಲಿಯೇ.

ಇದಕ್ಕೆ ಮುಂಚೆ ಏನು ನಡೆಯುತ್ತಿತ್ತು ಅಂತ ಕೆರೆ ಹೂಳೆತ್ತುವ ಕಡೆ ಹೋಗಿ ನೋಡಿದವರಿಗೆ ಗೊತ್ತು. ಜಾಲಿ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ. ಬಿಸಿಲು ಸರಿದ ಹಾಗೆಲ್ಲ ಜೋಲಿಯನ್ನೂ ಸರಿಸಿ ಕಟ್ಟಬೇಕು. ಸ್ವಲ್ಪ ದೊಡ್ಡ ಮಗುವಾದರೆ ಮಣ್ಣಿನ ಗುಡ್ಡೆ ಪಕ್ಕ ಕೂತಿರುತ್ತದೆ, ಕೈಗೆ ಸಿಕ್ಕಿದ್ದು ಬಾಯಿಗೆ. ಅಮ್ಮನ ಕೈಯಲ್ಲಿ ಗುದ್ದಲಿ, ಕಣ್ಣು ಮಾತ್ರ ಮಗುವಿನ ಮೇಲೆ. ಮನೆಯಲ್ಲಿ ಆರೇಳು ವರ್ಷದ ಅಕ್ಕ ಇದ್ದರೆ ಅವಳನ್ನು ಶಾಲೆ ಬಿಡಿಸಿ ಕೂಸಿನ ಕಾವಲಿಗೆ ಕೂರಿಸುವುದು. ಅದಕ್ಕೇ ಈ ಕೂಸಿನ ಮನೆ ಚೆನ್ನಾಗಿ ನಡೆಯಬೇಕು ಅಂತ ನನಗೆ ಇಷ್ಟು ಆಸೆ. ಚೆನ್ನಾಗಿ ನಡೆಯಬೇಕೆಂದರೆ ತಂದೆ ತಾಯಿಯೂ ಕೆಲವು ನಿಯಮ ಪಾಲಿಸಬೇಕು.

ಇಲ್ಲೇ ತೊಡಕು. ಒಳಗೆ ಇರುವವಳು ನಿಮ್ಮ ಓಣಿಯವಳು. ನಿಮ್ಮ ಮದುವೆಗೆ ಬಂದು ಬಡಿಸಿದವಳು. "ಅವಳ ಹತ್ರ ಸಹಿ ಏನು, ಪುಸ್ತಕ ಏನು, ನಮ್ಮೋಳೇ ಅಲ್ವಾ?" ಅಂತ ಎಲ್ಲರಿಗೂ ಅನ್ನಿಸುತ್ತದೆ. ಅವಳಿಗೂ ಕೇಳಲು ಸಂಕೋಚ. ಹಾಗೆ ಸಂಕೋಚದಲ್ಲೇ ನಿಯಮ ಒಂದೊಂದಾಗಿ ಬಿದ್ದುಹೋಗುತ್ತದೆ. ಗುರುತಿದ್ದವರ ನಡುವೆಯೇ ಬರೆದಿಡುವುದು ಜಾಸ್ತಿ ಮುಖ್ಯ ಅಂತ ನಾನು ಒತ್ತಿ ಹೇಳುತ್ತೇನೆ. ಯಾಕೆ ಅಂತ ಆ ದಿನ ಕಣ್ಣಾರೆ ನೋಡಿದೆ.

ಮಧ್ಯಾಹ್ನದ ಹೊತ್ತು. ಮಕ್ಕಳು ಮಲಗಿದ್ದವು. ಒಬ್ಬರು ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಂತರು. ಒಂದು ಮಗುವಿನ ಚಿಕ್ಕಪ್ಪ. "ಅತ್ತಿಗೆಗೆ ತಡ ಆಗುತ್ತಂತೆ, ಮಗು ಕೊಡಮ್ಮ." ಆರೈಕೆದಾರರು ಪುಸ್ತಕ ತೆಗೆದರು. ಆ ಮಗುವಿನ ಸಾಲಿನಲ್ಲಿ ಕರೆದುಕೊಂಡು ಹೋಗುವವರು ಅಂತ ಎರಡು ಹೆಸರಿತ್ತು. ಅಮ್ಮ, ಅಜ್ಜಿ. ಚಿಕ್ಕಪ್ಪ ಇರಲಿಲ್ಲ. "ಅಣ್ಣ, ಬೇಜಾರು ಮಾಡ್ಕೋಬೇಡಿ, ಅಕ್ಕನ್ನ ಒಂದು ಮಾತು ಕೇಳ್ತೀನಿ." ಅವರಿಗೆ ಸಿಟ್ಟು ಬಂತು. "ನಮ್ಮಣ್ಣನ ಮಗ ಕಣಮ್ಮ, ಊರಿಗೆಲ್ಲ ಗೊತ್ತು." ಅವಳು ದನಿ ಎತ್ತಲಿಲ್ಲ. ತಾಯಿಗೆ ಫೋನ್ ಮಾಡಿದಳು, ನೆಟ್‌ವರ್ಕ್ ಸಿಗಲಿಲ್ಲ. ಕೆಲಸದ ಜಾಗದ ಕಾಯಕ ಬಂಧುಗೆ, ಅಂದರೆ ಅಲ್ಲಿ ಕೂಲಿಯವರ ಗುಂಪನ್ನು ನೋಡಿಕೊಳ್ಳುವವರಿಗೆ, ಮಾಡಿದಳು. ಕಾಯಕ ಬಂಧು ಹೋಗಿ ತಾಯಿಯ ಕೈಗೆ ಫೋನ್ ಕೊಟ್ಟರು. "ಹೂಂ, ಕಳಿಸು" ಅಂದರು ಆ ತಾಯಿ. ಆಮೇಲೆ ಚಿಕ್ಕಪ್ಪನಿಂದ ಸಹಿ ಹಾಕಿಸಿಕೊಂಡು, ಹೊತ್ತು ಬರೆದು, ನಿದ್ದೆಗಣ್ಣಿನ ಮಗುವನ್ನು ಎತ್ತಿ ಕೊಟ್ಟಳು.

ಅಷ್ಟೇ ನಡೆದದ್ದು. ಚಿಕ್ಕಪ್ಪ ಒಳ್ಳೆಯವರೇ. ಆದರೆ ಗಂಡ ಹೆಂಡತಿ ಜಗಳ ಆಡಿ ಬೇರೆ ಇರುವ ಮನೆಯೂ ಊರಲ್ಲಿ ಇರುತ್ತದೆ. ಕುಡಿದು ಬೈಕ್ ಹತ್ತುವ ಮಾವನೂ ಇರುತ್ತಾನೆ. ಯಾರ ಮನೆಯಲ್ಲಿ ಏನು ಅಂತ ಬಾಗಿಲಲ್ಲಿ ನಿಂತು ತೀರ್ಮಾನ ಮಾಡುವ ಕೆಲಸ ಅವಳಿಗೆ ಬೇಡ. ಪುಸ್ತಕದಲ್ಲಿ ಹೆಸರು ಇದ್ದರೆ ಕೊಡುವುದು, ಇಲ್ಲದಿದ್ದರೆ ತಾಯಿಯನ್ನು ಕೇಳುವುದು. ಎಲ್ಲರಿಗೂ ಒಂದೇ ನಿಯಮ ಅಂದಾಗ ಯಾರಿಗೂ ಅವಮಾನ ಇಲ್ಲ. ಹಾಗಾಗಿ ಮೊದಲ ದಿನವೇ ಹೆಸರುಗಳನ್ನು ಯೋಚಿಸಿ ಬರೆಸಿ. ನಿಮ್ಮ ನಂಬರ್ ಜೊತೆ ಕಾಯಕ ಬಂಧುವಿನ ನಂಬರನ್ನೂ ಕೊಡಿ. ಚಿಕ್ಕ ಹುಡುಗಿಯನ್ನು, ಅಂದರೆ ಮಗುವಿನ ಅಕ್ಕನನ್ನು, ಕರೆದುಕೊಂಡು ಬರಲು ಕಳಿಸಬೇಡಿ. ದೊಡ್ಡವರೇ ಬರಬೇಕು.

ಬರೆದಿಡಲು ಇನ್ನೊಂದು ಕಾರಣವೂ ಇದೆ. 2025ರಲ್ಲಿ ಈ ವಿಡಿಯೊ ಮಾಡುವಾಗ ಖಾತ್ರಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಇತ್ತು. ಆರೈಕೆದಾರರೂ ಜಾಬ್ ಕಾರ್ಡ್‌ನವರೇ ಆದ್ದರಿಂದ ಸರದಿ ಪ್ರಕಾರ ಬದಲಾಗುತ್ತಾರೆ. ಇವತ್ತು ಇರುವವಳಿಗೆ ನಿಮ್ಮ ಮಗುವಿಗೆ ಮೊಟ್ಟೆ ತಿಂದರೆ ಗಂಧೆ ಏಳುತ್ತದೆ ಅಂತ ಗೊತ್ತು. ಮುಂದಿನ ಸರದಿಯವಳಿಗೆ ಯಾರು ಹೇಳಬೇಕು? ಬರೆದಿದ್ದರೆ ಓದಿಕೊಳ್ಳುತ್ತಾಳೆ. ಹಾಗಾಗಿ ಹೊಸಬರು ಬಂದ ದಿನ ಸ್ವಲ್ಪ ಬೇಗ ಹೋಗಿ, ಎಲ್ಲವನ್ನೂ ಇನ್ನೊಮ್ಮೆ ಹೇಳಿ.

ಬೆಳಗಿನ ಹೊತ್ತಿನ ಗಡಿಬಿಡಿ ನನಗೆ ಅರ್ಥವಾಗುತ್ತದೆ. ಕೆಲಸದ ಜಾಗದಲ್ಲಿ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಹಾಜರಿ, ದಿನಕ್ಕೆ ಎರಡು ಸಲ ಫೋಟೊ. ಬೆಳಗಿನ ಫೋಟೊಗೆ ಇಲ್ಲದಿದ್ದರೆ ಆ ದಿನದ ಕೂಲಿಗೇ ಕುತ್ತು. ಅದಕ್ಕೇ ಎಷ್ಟೋ ತಾಯಂದಿರು ಮಗುವನ್ನು ಬಾಗಿಲಲ್ಲೇ ಇಳಿಸಿ ಓಡುತ್ತಾರೆ. ಹಾಗೆ ಮಾಡಬೇಡಿ. ಮಗುವನ್ನು ಕೈಯಿಂದ ಕೈಗೆ ಕೊಡಿ. ಎರಡು ನಿಮಿಷ ನಿಂತು ಮೂರು ವಿಷಯ ಹೇಳಿ: ಯಾವಾಗ ಉಂಡಿದೆ, ರಾತ್ರಿ ನಿದ್ದೆ ಹೇಗಿತ್ತು, ಹೊಟ್ಟೆ ಸರಿ ಇದೆಯಾ. ಇದು ಗೊತ್ತಿದ್ದರೆ ಹನ್ನೊಂದು ಗಂಟೆಗೆ ಮಗು ಅತ್ತಾಗ ಹಸಿವಾ, ನಿದ್ದೆಯಾ, ಹೊಟ್ಟೆನೋವಾ ಅಂತ ಅವಳು ತಡಕಾಡಬೇಕಾಗಿಲ್ಲ. ಆ ಎರಡು ನಿಮಿಷಕ್ಕೋಸ್ಕರ ಮನೆಯಿಂದ ಸ್ವಲ್ಪ ಮುಂಚೆ ಹೊರಡಿ.

ಈಗ ಕಷ್ಟದ ನಿಯಮಕ್ಕೆ ಬರುತ್ತೇನೆ. ಜ್ವರ ಇರುವ ಮಗುವನ್ನು, ವಾಂತಿ ಭೇದಿ ಆಗುತ್ತಿರುವ ಮಗುವನ್ನು, ಮೈಮೇಲೆ ಗುಳ್ಳೆ ಎದ್ದಿರುವ ಮಗುವನ್ನು ಕೂಸಿನ ಮನೆಗೆ ತರಬಾರದು. ಹೇಳುವುದು ಸುಲಭ. 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮಗುವಿಗೆ ಹುಷಾರಿಲ್ಲ ಅಂತ ಮನೆಯಲ್ಲಿ ಕೂತರೆ ಅದು ಹೋಯಿತು. ಅದಕ್ಕೇ ಕೆಲವರು ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗಾದ ಮೇಲೆ ತಂದು ಬಿಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಏನಾಗುತ್ತದೆ ನೋಡಿ. ಮಧ್ಯಾಹ್ನ ಸಿರಪ್ಪಿನ ಬಲ ಇಳಿದು ಜ್ವರ ಮತ್ತೆ ಏರುತ್ತದೆ. ಬೆಳಿಗ್ಗೆ ಔಷಧಿ ಕೊಟ್ಟಿದ್ದು ಅವಳಿಗೆ ಗೊತ್ತಿಲ್ಲ. ಗಾಬರಿಯಲ್ಲಿ ಇನ್ನೊಂದು ಡೋಸ್ ಬಿದ್ದರೆ? ಪಕ್ಕದಲ್ಲಿ ಏಳೆಂಟು ತಿಂಗಳ ಕೂಸುಗಳಿವೆ. ಒಂದೇ ಚಾಪೆ, ಒಂದೇ ಆಟಿಕೆ, ಎಲ್ಲವೂ ಬಾಯಿಗೆ. ಎರಡು ದಿನಕ್ಕೆ ಅಷ್ಟೂ ಮಕ್ಕಳು ಮಲಗುತ್ತವೆ, ಅಷ್ಟೂ ಅಮ್ಮಂದಿರ ಕೂಲಿ ಹೋಗುತ್ತದೆ.

ಹಾಗಾದರೆ ದಾರಿ ಏನು? ಆ ಊರಿನ ಅಮ್ಮಂದಿರು ಹೇಳಿದ್ದನ್ನೇ ಹೇಳುತ್ತೇನೆ. ಹುಷಾರಿಲ್ಲದ ದಿನ ಯಾರು ನೋಡಿಕೊಳ್ಳುತ್ತಾರೆ ಅಂತ ಮಗು ಚೆನ್ನಾಗಿರುವಾಗಲೇ ಮನೆಯಲ್ಲಿ ಮಾತಾಡಿಡಿ. ಅಜ್ಜಿಯಾಗಲಿ, ಅತ್ತೆಯಾಗಲಿ. ಗಂಡ ಹೆಂಡತಿ ಇಬ್ಬರೂ ಖಾತ್ರಿಗೆ ಹೋಗುವವರಾದರೆ ಒಂದು ದಿನ ಅವರು, ಒಂದು ದಿನ ನೀವು. ಕೂಲಿ ಗಂಡಸಿಗೂ ಹೆಂಗಸಿಗೂ ಒಂದೇ. ರಜೆ ಹಾಕುವ ಸರದಿ ಮಾತ್ರ ಯಾವಾಗಲೂ ಹೆಂಗಸಿನದೇ ಯಾಕಾಗಬೇಕು? ಇದನ್ನು ಅಪ್ಪಂದಿರಿಗೇ ಕೇಳುತ್ತಿದ್ದೇನೆ.

ಔಷಧಿ ಕೊಡಲೇಬೇಕಾದರೆ ಡಾಕ್ಟರ ಚೀಟಿ ಸಮೇತ ಕೊಡಿ. ಸುಮ್ನೆ ಹಳೇ ಬಾಟಲಿಗೆ ಸುರಿದು ತರಬೇಡಿ. ಬೆಳಿಗ್ಗೆ ಏನೇ ಕುಡಿಸಿದ್ದರೂ ಹೇಳಿ, ಬರೆಸಿ. ತಾಯಿ ಕಾರ್ಡ್ ಜೊತೆಗಿರಲಿ. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂಬತ್ತು ತಿಂಗಳು ತುಂಬಿದಾಗ ದಡಾರ ರುಬೆಲ್ಲಾ ಲಸಿಕೆ ಹಾಕಿಸಬೇಕು, ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು. ಮಕ್ಕಳು ಗುಂಪಾಗಿ ಇರುವ ಕಡೆ ಇದನ್ನು ತಪ್ಪಿಸಲೇಬಾರದು.

ಬಟ್ಟೆ ಎರಡು ಜೊತೆ ಜಾಸ್ತಿ ಕೊಡಿ, ಒಂದು ಹಳೇ ಪಂಚೆ ತುಂಡು ಕೊಡಿ. ಒಡವೆ ಬೇಡ. ಇಲ್ಲಿ ಒಂದು ವಿಷಯ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಇದು ಒಂದು ಮಗುವಿನ ಅಂಗಿ. ದೃಷ್ಟಿಗೆ ಅಂತ ತಾಯತವನ್ನು ಪಿನ್ನಿನಲ್ಲಿ ಚುಚ್ಚಿ ಅಂಗಿಗೆ ಸಿಕ್ಕಿಸಿದ್ದಾರೆ. ಪಿನ್ನಿನ ಬಾಯಿ ಸಡಿಲ. ಮಗು ಎಳೆದರೆ ಕೈಗೆ ಬರುತ್ತದೆ, ಕೈಗೆ ಬಂದದ್ದು ಬಾಯಿಗೆ ಹೋಗುತ್ತದೆ. ಕೊರಳ ದಾರವೂ ಹಾಗೇ, ತೊಟ್ಟಿಲಿನ ಮೂಲೆಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ನಿಮ್ಮ ನಂಬಿಕೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೂಸಿನ ಮನೆಯಲ್ಲಿರುವ ಹೊತ್ತು ಪಿನ್ನು, ಕೊರಳ ದಾರ ತೆಗೆದಿಟ್ಟು, ಮನೆಗೆ ಬಂದ ಮೇಲೆ ಹಾಕಿ.

ಊಟದ ವಿಷಯ. ಮನೆಯಿಂದ ತಿಂಡಿ ಕಟ್ಟಿಕೊಡುವುದಾದರೆ ಕಡಲೆಕಾಯಿ ಬೀಜ, ಹುರಿಗಡಲೆ, ಗಟ್ಟಿ ಚಕ್ಕುಲಿ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಮಗು ತಿಂದು ಜೀರ್ಣಿಸಿಕೊಂಡರೂ ಪಕ್ಕದ ಕೂಸು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ಹಾಲು ಕುಡಿಯುವ ಮಗುವಾದರೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಹಾಲು ಕೊಟ್ಟು ಹೋಗಿ. ಮೇಲಿನ ಊಟ ಶುರುವಾಯಿತು ಅಂತ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಎರಡು ವರ್ಷದವರೆಗೂ, ಅದಕ್ಕಿಂತ ಆಚೆಗೂ ಕೊಡಬಹುದು. ಕೆಲಸದ ಜಾಗ ದೂರ ಇದ್ದರೆ ಹತ್ತಿರದ ಕಾಮಗಾರಿಯಲ್ಲಿ ಹೆಸರು ಹಾಕಿ ಅಂತ ಕೇಳಿ ನೋಡಿ. ಕೇಳಲು ನಾಚಿಕೆ ಬೇಡ.

ಮೊದಲ ದಿನವೇ ಇಡೀ ದಿನ ಬಿಡಬೇಡಿ. ಒಂದು ಗಂಟೆ ಬಿಡಿ, ಆಮೇಲೆ ಅರ್ಧ ದಿನ. ಕಣ್ಣು ತಪ್ಪಿಸಿ ಓಡಿಹೋಗಬೇಡಿ. "ಅಮ್ಮ ಕೆಲಸಕ್ಕೆ ಹೋಗಿ ಬರ್ತೀನಿ ಕಂದ" ಅಂತ ಹೇಳಿಯೇ ಹೋಗಿ. ಅಳುತ್ತದೆ, ಅಳಲಿ. ಹೇಳದೆ ಹೋದರೆ ಮಾರನೇ ದಿನ ಬಾಗಿಲು ಕಂಡ ಕೂಡಲೇ ಸೆರಗು ಹಿಡಿದುಕೊಳ್ಳುತ್ತದೆ.

ಸಂಜೆ ಹೊತ್ತಿಗೆ ಸರಿಯಾಗಿ ಬನ್ನಿ. ಆರೈಕೆದಾರರ ಮನೆಯಲ್ಲೂ ಒಲೆ ಹಚ್ಚಬೇಕು, ಅವರ ಮಕ್ಕಳೂ ಕಾಯುತ್ತಿರುತ್ತವೆ. ಕೆಲಸ ಬೇಗ ಮುಗಿದ ದಿನ ಸೀದಾ ಕೂಸಿನ ಮನೆಗೆ ಬನ್ನಿ, ಸಂತೆ ಗಿಂತೆ ಆಮೇಲೆ. ಇದು ನೀವು ಕೆಲಸದಲ್ಲಿರುವ ಹೊತ್ತಿಗೆ ಮಾತ್ರ ಇರುವ ಜಾಗ. ಬಿಟ್ಟಿ ಸೇವೆ ಅಂತ ಅವಳಿಂದ ಮನೆಯ ಬೇರೆ ಕೆಲಸ ಮಾಡಿಸಿಕೊಳ್ಳುವುದು, ಬೈಯುವುದು ತಪ್ಪು. ಅವಳು ನಿಮ್ಮ ಹಾಗೇ ಕೂಲಿಗೆ ದುಡಿಯುವವಳು.

ಇಷ್ಟು ಹೊತ್ತು ತಂದೆ ತಾಯಿ ಏನು ಮಾಡಬೇಕು ಅಂತ ಹೇಳಿದೆ. ನೀವು ಕೇಳಬೇಕಾದ್ದೂ ಇದೆ. ಯಾವ ಹೊತ್ತಿಗೆ ಬಂದರೂ ನಿಮ್ಮನ್ನು ಒಳಗೆ ಬಿಡಬೇಕು. ಕುಡಿಯುವ ನೀರು ಮುಚ್ಚಿಟ್ಟಿದ್ದಾರಾ ನೋಡಿ. ಶೌಚಾಲಯಕ್ಕೆ ಬಾಗಿಲಿದೆಯಾ, ತುಂಬಿದ ಬಕೆಟ್ ಮಕ್ಕಳ ಕೈಗೆ ಸಿಗುವ ಹಾಗಿದೆಯಾ ನೋಡಿ. ಅಂಬೆಗಾಲಿಡುವ ಕೂಸಿಗೆ ಒಂದು ಬಕೆಟ್ ನೀರು ಸಾಕು ಅಪಾಯಕ್ಕೆ. ತೂಕ ತೆಗೆದಾಗ ಎಷ್ಟು ಬಂತು ಅಂತ ಕೇಳಿ, ಏರುತ್ತಿದೆಯಾ ಇಳಿಯುತ್ತಿದೆಯಾ ತಿಳಿದುಕೊಳ್ಳಿ. ಮಗು ಬಿದ್ದರೆ, ತರಚಿದರೆ ಸಂಜೆ ಅವರೇ ಹೇಳಬೇಕು, ನೀವು ಸ್ನಾನ ಮಾಡಿಸುವಾಗ ಕಂಡುಹಿಡಿಯುವ ಹಾಗಾಗಬಾರದು. ಹೊಡೆದದ್ದು, ಹೆದರಿಸಿದ್ದು ಗೊತ್ತಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ಕೊಡಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ, ಫೋನಿಗೆ ದುಡ್ಡಿಲ್ಲ. "ಒಳಗೆ ಬರಬೇಡಿ, ಮಕ್ಕಳು ಅಳ್ತವೆ" ಅಂತ ಅಮ್ಮಂದಿರನ್ನು ಬಾಗಿಲಲ್ಲೇ ನಿಲ್ಲಿಸುವ ಕಡೆ ಮಗುವನ್ನು ಬಿಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆಯೇ ಇಲ್ಲ ಅನ್ನುವವರು ಇದ್ದೀರಿ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ, ಯೋಜನೆ ಘೋಷಣೆಯಾದದ್ದು 4,000ಕ್ಕೆ. ನಿಮಗೂ ಒಂದು ದಾರಿ ಇದೆ. 2025ರಲ್ಲಿ ಈ ವಿಡಿಯೊ ಮಾಡುವಾಗ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಬರೆದಿತ್ತು: ಕೆಲಸಕ್ಕೆ ಬಂದ ಹೆಂಗಸರ ಜೊತೆ ಐದು ಅಥವಾ ಅದಕ್ಕಿಂತ ಜಾಸ್ತಿ ಚಿಕ್ಕ ಮಕ್ಕಳಿದ್ದರೆ, ಅವರಲ್ಲಿ ಒಬ್ಬರನ್ನು ಮಕ್ಕಳನ್ನು ನೋಡಿಕೊಳ್ಳಲೆಂದೇ ಬಿಡಬೇಕು. ಅವರಿಗೂ ಉಳಿದವರಷ್ಟೇ ಕೂಲಿ ಕೊಡಬೇಕು. ನೆರಳು, ಕುಡಿಯುವ ನೀರು ಕೊಡುವುದೂ ನಿಯಮವೇ ಆಗಿತ್ತು. ಮುಂದಿನ ಸಲ ಕೆಲಸ ಕೇಳಿ ಅರ್ಜಿ ಕೊಡುವಾಗ, ಎಷ್ಟು ಮಕ್ಕಳು ಜೊತೆಗೆ ಬರುತ್ತವೆ ಅಂತ ಬೇರೆ ಹಾಳೆಯಲ್ಲಿ ಬರೆದು, ಅಮ್ಮಂದಿರೆಲ್ಲ ಸಹಿ ಹಾಕಿ ಅದರ ಜೊತೆಗೇ ಕೊಡಿ. ಕೊಟ್ಟದ್ದಕ್ಕೆ ತಾರೀಖು ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಂಡೇ ಪಂಚಾಯಿತಿಯಿಂದ ಹೊರಗೆ ಬನ್ನಿ.