ಫೋನಿಗೆ ಒಂದು ಹೆಸರು ಕೊಡಿ: ಹೊಸ ಸಂಗೀತ ಹುಡುಕುವ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಶನಿವಾರ ಸಂಜೆ, ಈ ಟ್ರಾಫಿಕ್ ದಾಟಿಕೊಂಡು ಬಂದಿದ್ದೀರಿ. ಅದಕ್ಕೇ ಮೊದಲು ಥ್ಯಾಂಕ್ಸ್. ಮುಂದಿನ ಸಾಲಿನಲ್ಲಿ ರಿಟೈರ್ ಆದ ಹಿರಿಯರು ಕೂತಿದ್ದಾರೆ, ಹಿಂದೆ ಕಾಲೇಜು ಹುಡುಗ ಹುಡುಗಿಯರು. ನಿಮ್ಮಿಬ್ಬರಿಗೂ ಇಷ್ಟವಾಗುವ ಹಾಡು ಒಂದೂ ಇರಲಿಕ್ಕಿಲ್ಲ. ಆದರೆ ದೂರು ಮಾತ್ರ ಒಂದೇ. "ಆ್ಯಪ್‌ನಲ್ಲಿ ಕೋಟಿಗಟ್ಟಲೆ ಹಾಡು ಇದೆ ಅಂತಾರೆ, ನಮಗೆ ಮಾತ್ರ ಸುತ್ತಿ ಸುತ್ತಿ ಅದೇ ಹಾಡು ಬರುತ್ತೆ." ಹೌದು ತಾನೆ?

ನಾನು ಹಾಡುವವನಲ್ಲ, ಕೇಳುವವನು. ಇವತ್ತು ಹೇಳಬೇಕು ಅಂದುಕೊಂಡಿರೋದು ಒಂದೇ ವಿಷಯ. ಈ ಆ್ಯಪ್‌ಗಳು ಹುಡುಕಿಕೊಡುವುದರಲ್ಲಿ ಬಹಳ ಚುರುಕು, ದಾರಿ ತೋರಿಸುವುದರಲ್ಲಿ ಅಷ್ಟಕ್ಕಷ್ಟೆ. ಏನಾದರೂ ಹಾಕು ಅಂತ ಬಿಟ್ಟರೆ ಅವು ನಿಮ್ಮನ್ನು ನಿಮ್ಮ ಬೀದಿಯಲ್ಲೇ ಸುತ್ತಿಸುತ್ತವೆ. ಒಂದು ಹೆಸರು ಕೊಟ್ಟರೆ ಊರು ದಾಟಿಸುತ್ತವೆ.

ಯಾಕೆ ಹೀಗೆ? ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ನೋಡೋಣ.

ಇದರಲ್ಲಿ ಮುಖ್ಯವಾಗಿ ಎರಡು ವಿಧಾನ. ಮೊದಲನೆಯದರಲ್ಲಿ ಆ್ಯಪ್ ಹಾಡು ಕೇಳುವುದೇ ಇಲ್ಲ, ಜನರನ್ನು ನೋಡುತ್ತದೆ. ನೀವು ಕೇಳುವ ಹತ್ತು ಹಾಡಿನಲ್ಲಿ ಎಂಟನ್ನು ಇನ್ಯಾರೋ ಕೇಳುತ್ತಿದ್ದಾರೆ. ಅವರು ಕೇಳುವ ಇನ್ನೆರಡನ್ನು ನಿಮಗೂ ಕೊಡೋಣ ಅನ್ನುವ ಲೆಕ್ಕ. 2002ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಲಾಸ್ಟ್ ಎಫ್‌ಎಂ ಇದನ್ನೇ ಮಾಡುತ್ತಿತ್ತು. ನೀವು ಕಂಪ್ಯೂಟರಿನಲ್ಲಿ ಏನೇನು ಕೇಳಿದಿರಿ ಅಂತ ಬರೆದಿಟ್ಟುಕೊಂಡು, ನಿಮ್ಮಂಥವರನ್ನು ಹುಡುಕುತ್ತಿತ್ತು. ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ 30 ಹಾಡುಗಳ ಒಂದು ಪಟ್ಟಿ ಕೊಡುತ್ತಿದೆಯಲ್ಲ, ಅದಕ್ಕೂ ಇದೇ ಲೆಕ್ಕ ಬುನಾದಿ. ಎಷ್ಟೋ ಜನ ಕೈಯಾರೆ ಮಾಡಿಟ್ಟ ಪ್ಲೇಲಿಸ್ಟ್‌ಗಳಲ್ಲಿ ಯಾವ ಹಾಡಿನ ಪಕ್ಕ ಯಾವ ಹಾಡು ಕೂತಿದೆ ಅಂತ ಅದು ನೋಡುತ್ತದೆ.

ಎರಡನೆಯದು ಹಾಡನ್ನೇ ಅಳೆಯುವುದು. ವೇಗ ಎಷ್ಟು, ಶ್ರುತಿ ಏನು, ಡ್ರಮ್ಸ್ ಜಾಸ್ತಿಯೋ ಗಿಟಾರ್ ಜಾಸ್ತಿಯೋ. ಅಮೆರಿಕದ ಪ್ಯಾಂಡೋರಾ ಕಂಪನಿ ಈ ಕೆಲಸಕ್ಕೆ ಸಂಗೀತ ಓದಿದ ಮನುಷ್ಯರನ್ನೇ ಕೂರಿಸಿತ್ತು. ಒಂದೊಂದು ಹಾಡನ್ನೂ ಕೇಳಿ ನೂರಾರು ಗುಣಗಳಿಗೆ ಅಂಕ ಕೊಡುತ್ತಿದ್ದರು. ಈಗ ಅದೂ ಬಹುಮಟ್ಟಿಗೆ ಕಂಪ್ಯೂಟರಿನ ಕೆಲಸ.

ಎರಡೂ ಜಾಣತನದ ವಿಧಾನಗಳೇ. ಆದರೆ ಮೊದಲನೆಯದಕ್ಕೆ ಜನ ಬೇಕು. ಯಾರೂ ಕೇಳದ ಹಾಡಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಿನ್ನೆ ಯಲಹಂಕದ ಒಂದು ಹುಡುಗಿ ತನ್ನ ಕೋಣೆಯಲ್ಲಿ ರೆಕಾರ್ಡ್ ಮಾಡಿ ಹಾಕಿದ ಹಾಡು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಎರಡನೆಯದು ನಿಮಗೆ ಇಷ್ಟವಾದ ಹಾಡಿನ ಹಾಗೇ ಇರುವ ಹಾಡನ್ನು ತರುತ್ತದೆ. ಹಾಗೇ ಇದ್ದರೆ ಅದು ಹೊಸದು ಹೇಗಾಯಿತು?

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಫೋನ್ ಒಬ್ಬರದಲ್ಲ. ಬೆಳಿಗ್ಗೆ ಆರಕ್ಕೆ ಅಜ್ಜಿಗೆ ವಿಷ್ಣು ಸಹಸ್ರನಾಮ. ಎಂಟಕ್ಕೆ ಮಗುವಿಗೆ ಇಡ್ಲಿ ತಿನ್ನಿಸಲು ಅದೇ ರೈಮ್ಸ್, ಮತ್ತೆ ಮತ್ತೆ. ಸಂಜೆ ಮಗ ಜಿಮ್‌ಗೆ ಹೋದರೆ ಪಂಜಾಬಿ. ಇಷ್ಟೂ ಒಂದೇ ಅಕೌಂಟ್! ಆ್ಯಪ್‌ನ ಕಣ್ಣಿಗೆ ಇದು ಬೆಳಿಗ್ಗೆ ಭಕ್ತಿ, ನಡುವೆ ಬಾಲ್ಯ, ಸಂಜೆ ಬೈಸೆಪ್ಸ್ ಇರುವ ಒಬ್ಬ ವಿಚಿತ್ರ ಮನುಷ್ಯ. ಅದು ಪಾಪ ಏನು ಮಾಡೀತು? ಮಗುವಿಗೆ ಬೇರೆ ಅಕೌಂಟ್ ಮಾಡಿಕೊಡಿ. ಸ್ಪಾಟಿಫೈನಲ್ಲಿ ಪ್ರೈವೇಟ್ ಸೆಷನ್ ಅಂತ ಒಂದಿದೆ, ಅಜ್ಜಿಗೆ ಫೋನ್ ಕೊಡುವಾಗ ಅದನ್ನು ಆನ್ ಮಾಡಿ. ಒಂದು ಪ್ಲೇಲಿಸ್ಟನ್ನು ನನ್ನ ಅಭಿರುಚಿಯ ಲೆಕ್ಕಕ್ಕೆ ಸೇರಿಸಬೇಡ ಅಂತ ಹೇಳುವ ಆಯ್ಕೆಯೂ ಇದೆ. ಇಷ್ಟು ಮಾಡಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ದಾಟಿದರೆ ಮಾತ್ರ ಕೇಳಿದ ಲೆಕ್ಕ. ಅದಕ್ಕೇ ಇರಬೇಕು, ಈಗಿನ ಎಷ್ಟೋ ಹಾಡುಗಳು ಪೀಠಿಕೆಯಿಲ್ಲದೆ ನೇರವಾಗಿ ಪಲ್ಲವಿಗೇ ನುಗ್ಗುತ್ತವೆ. ನಮ್ಮ ಆಲಾಪನೆಯಲ್ಲಿ 30 ಸೆಕೆಂಡಿಗೆ ವಿದ್ವಾಂಸರು ಇನ್ನೂ ಮೊದಲ ಸ್ವರ ಷಡ್ಜದ ಹತ್ತಿರವೇ ಇರುತ್ತಾರೆ.

ಶಾಸ್ತ್ರೀಯ ಸಂಗೀತದ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಆ್ಯಪ್‌ಗಳ ಮನೆಯಲ್ಲಿ ಮುಖ್ಯವಾಗಿ ಇರುವುದು ಮೂರೇ ಗೂಡು: ಹಾಡು, ಹಾಡಿದವರು, ಆಲ್ಬಮ್. ಪಾಪ್ ಸಂಗೀತಕ್ಕೆ ಅಷ್ಟು ಸಾಕು. ನಮ್ಮಲ್ಲಿ ರಾಗ ಎಲ್ಲಿ ಹಾಕೋಣ? ತಾಳ? ಹಾಡು ಕಟ್ಟಿದ ವಾಗ್ಗೇಯಕಾರ? ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ತೆಗೆದುಕೊಳ್ಳಿ. ಯಮುನಾ ಕಲ್ಯಾಣಿ ರಾಗದಲ್ಲಿ ಅದನ್ನು ಹಾಡದ ವಿದ್ವಾಂಸರೇ ಕಡಿಮೆ. ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ನೀ'ಗೆ ಒಂದು ಕಡೆ ಎರಡು ಇ, ಇನ್ನೊಂದು ಕಡೆ ಒಂದು ಐ. ಕೆಲವು ಕಡೆ 'ಬಾರೋ' ಇಲ್ಲ. ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದರೆ ಬರುವ ಪಟ್ಟಿಯೇ ಬೇರೆ. ವ್ಯಾಸರಾಯರ ಹೆಸರಂತೂ ಎಷ್ಟೋ ಕಡೆ ಇಲ್ಲ. ಹಾಗಾಗಿ ಒಂದು ಕೃತಿ ಹುಡುಕುವಾಗ ಒಂದೇ ಸಲಕ್ಕೆ ಸಿಗಲಿಲ್ಲ ಅಂತ ಕೈಬಿಡಬೇಡಿ. ಕಾಗುಣಿತ ಬದಲಿಸಿ, ಲಿಪಿ ಬದಲಿಸಿ, ರಾಗದ ಹೆಸರು ಸೇರಿಸಿ ನೋಡಿ.

ಈ ಕೊರತೆ ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯದವರ ಗಮನಕ್ಕೂ ಬಂತು. ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಸೇವಿಯರ್ ಸೆರಾ ಅವರ ತಂಡ 2011ರಲ್ಲಿ ಕಾಂಪ್‌ಮ್ಯೂಸಿಕ್ ಅನ್ನುವ ಸಂಶೋಧನೆ ಶುರು ಮಾಡಿತು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಟರ್ಕಿಯ ಮಕಾಮ್ ಸಂಗೀತ, ಇವನ್ನೆಲ್ಲ ಅವುಗಳ ರೀತಿಯಲ್ಲೇ ಕಂಪ್ಯೂಟರಿಗೆ ಅರ್ಥ ಮಾಡಿಸುವ ಕೆಲಸ ಅದು. ಅದರಿಂದ ದುನ್ಯಾ ಅನ್ನುವ ತಾಣ ಹುಟ್ಟಿತು. ಅಲ್ಲಿ ರಾಗಕ್ಕೂ ತಾಳಕ್ಕೂ ಗೂಡು ಉಂಟು. ನಮ್ಮ ಪಕ್ಕದ ಗಲ್ಲಿಯಲ್ಲಿ ಆಗಬೇಕಿದ್ದ ಕೆಲಸ ಸ್ಪೇನ್‌ನಲ್ಲಿ ಆಯಿತು, ಇರಲಿ ಬಿಡಿ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನಾನು ಫೋನಿನಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಒಂದು ವಚನ ಹಾಕಿದೆ. ಮುಗಿದ ಮೇಲೆ ಸುಮ್ನೆ ಬಿಟ್ಟೆ. ಬಂದದ್ದು ಭೀಮಸೇನ ಜೋಶಿಯವರ ದಾಸರ ಪದ. ತಪ್ಪೇನಿಲ್ಲ. ಮನ್ಸೂರರನ್ನು ಕೇಳುವ ಕನ್ನಡಿಗರೆಲ್ಲ ಜೋಶಿಯವರನ್ನೂ ಕೇಳುತ್ತಾರೆ. ಆದರೆ ಈ ಸಭೆಯಲ್ಲಿ ಭೀಮಸೇನ ಜೋಶಿ ಯಾರಿಗೆ ಹೊಸಬರು?

ಆಮೇಲೆ ಆ್ಯಪ್ ಹೇಳಿದ ಕಡೆ ಹೋಗದೆ ಗುರುವಿನ ಹೆಸರು ಹಿಡಿದು ಹೊರಟೆ. ಮನ್ಸೂರರು ಧಾರವಾಡದ ಹತ್ತಿರದ ಮನ್ಸೂರಿನವರು, 1910ರಲ್ಲಿ ಹುಟ್ಟಿದವರು. ಮೊದಲು ಮಿರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತರು. ಆಮೇಲೆ ಜೈಪುರ ಅತ್ರೌಲಿ ಘರಾನೆಯ, ಅಂದರೆ ಆ ಗಾಯನ ಪರಂಪರೆಯ, ಮಂಜಿ ಖಾನರಲ್ಲಿ. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ. ಈ ಇಬ್ಬರೂ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳು. ಅಲ್ಲಾದಿಯಾ ಖಾನರ ಬೇರೆ ಶಿಷ್ಯರು ಯಾರು ಅಂತ ನೋಡಿದರೆ ಎರಡು ದೊಡ್ಡ ಹೆಸರು: ಗೋವಾದ ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್.

ಕೇಸರಬಾಯಿಯವರ ಹಳೆಯ ರೆಕಾರ್ಡ್‌ಗಳು ಯೂಟ್ಯೂಬಿನಲ್ಲಿವೆ. ಕೆಲವೇ ನಿಮಿಷದವು. ಕರಕರ ಸದ್ದು ಇದೆ, ಮೊದಲ ಸಲ ಕೇಳುವವರಿಗೆ ಸ್ವಲ್ಪ ಕಷ್ಟವೇ. ಎರಡನೇ ಸಲ ಕೇಳುವಾಗ ಆ ಸದ್ದು ಹಿಂದೆ ಸರಿದು, ಆ ಗಟ್ಟಿ ದನಿ ಉಸಿರೇ ತೆಗೆದುಕೊಳ್ಳದ ಹಾಗೆ ಒಂದೊಂದೇ ಸ್ವರ ಹತ್ತುವುದು ಕೇಳುತ್ತದೆ. ಭೈರವಿ ರಾಗದ ಅವರ ಒಂದು ಹಾಡನ್ನು ನಾಸಾದವರು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ರೆಕಾರ್ಡಿಗೆ ಸೇರಿಸಿ ಆಕಾಶಕ್ಕೆ ಕಳಿಸಿದರು. ಎರಡು ನೌಕೆಗಳಲ್ಲಿ ಒಂದು ಹೊರಟ ಆ ಸೆಪ್ಟೆಂಬರ್‌ನಲ್ಲೇ ಕೇಸರಬಾಯಿ ತೀರಿಕೊಂಡರು. ಇನ್ನು ಮೋಗುಬಾಯಿಯವರ ಮಗಳು ಮತ್ತು ಶಿಷ್ಯೆಯೇ ಕಿಶೋರಿ ಅಮೋಣಕರ್. ಅಲ್ಲಿಗೆ ಬಂದಿರೆಂದರೆ ಒಂದು ವರ್ಷಕ್ಕಾಗುವಷ್ಟು ಕೇಳುವುದಕ್ಕಿದೆ. ಧಾರವಾಡದ ಒಂದು ವಚನದಿಂದ ಹೊರಟು ಎಲ್ಲಿಗೆ ಬಂದೆವು ನೋಡಿ. ಆ್ಯಪ್‌ಗೆ ಈ ಗುರು ಶಿಷ್ಯರ ಕೊಂಡಿ ಗೊತ್ತಿಲ್ಲ. ಆದರೆ ಒಂದೊಂದು ಹೆಸರು ಕೊಟ್ಟ ಹಾಗೂ ಕ್ಷಣದಲ್ಲಿ ಹಾಡು ತಂದು ಮುಂದಿಟ್ಟಿತು. ನಮ್ಮ ಅಪ್ಪಂದಿರ ಕಾಲದಲ್ಲಿ ಇದಕ್ಕೆ ಮುಂಬೈಗೇ ಹೋಗಬೇಕಾಗುತ್ತಿತ್ತೇನೋ.

ಇದು ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಅಂದುಕೊಳ್ಳಬೇಡಿ. ಹಿಂದಿನ ಸಾಲಿನವರೇ, ನಿಮಗೆ ಒಂದು ಸಿನಿಮಾ ಹಾಡಿನಲ್ಲಿ ಬಾಸ್ ಗಿಟಾರ್ ಇಷ್ಟವಾಯಿತು ಅಂದುಕೊಳ್ಳಿ. ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ನೋಡಿ. ಬರೆದವರು, ಪ್ರೊಡ್ಯೂಸ್ ಮಾಡಿದವರು ಇರುತ್ತಾರೆ, ಕೆಲವೊಮ್ಮೆ ನುಡಿಸಿದವರೂ ಇರುತ್ತಾರೆ. ಆ ಹೆಸರು ಹಿಡಿದು ಹೋಗಿ. ಅವರದೇ ಒಂದು ಬ್ಯಾಂಡ್ ಇರುವ ಸಾಧ್ಯತೆ ಜಾಸ್ತಿ. ಈ ಬೆಂಗಳೂರಿನಲ್ಲಿ ಹಗಲು ಸಿನಿಮಾಗೆ ನುಡಿಸಿ ರಾತ್ರಿ ತಮ್ಮ ಬ್ಯಾಂಡ್‌ಗೆ ನುಡಿಸುವವರು ಎಷ್ಟು ಜನ ಬೇಕು? ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ 1996ರಿಂದ ಇಲ್ಲಿದೆ. ಸ್ವರಾತ್ಮ 2002ರಿಂದ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರನ್ನು ಹಾಡಿದ ಮೇಲೆ, ಶರೀಫರ ಹೆಸರು ಹಿಡಿದು ಸಿ. ಅಶ್ವತ್ಥ್ ಅವರ ಕಡೆಗೆ ಹೋದ ಹುಡುಗರನ್ನು ನಾನೇ ಕಂಡಿದ್ದೇನೆ. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟರೆ ಹಾವೇರಿ ಕಡೆಯ ತತ್ವಪದದವರು ಸಿಗುತ್ತಾರೆ. ಅವರ ಹಾಡು ದೊಡ್ಡ ಆ್ಯಪ್‌ಗಳಲ್ಲಿ ಇರುವುದಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿರುತ್ತಾರೆ, ನೋಡಿದವರು ನೂರು ಚಿಲ್ಲರೆ.

ಹೆಸರೇ ಗೊತ್ತಿಲ್ಲದ ಹಾಡಿಗೆ ಏನು ಮಾಡುವುದು? ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ಒಂದು ಹಾಡು ಕಿವಿಗೆ ಬಿತ್ತು. ಶಜಾಮ್ ಆ್ಯಪ್ ಹಾಕಿ ನೋಡಿ. 2002ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗ ಅದು ಆ್ಯಪ್ ಆಗಿರಲಿಲ್ಲ. 2580ಕ್ಕೆ ಫೋನ್ ಮಾಡಿ ಹಾಡಿನ ಕಡೆ ಹಿಡಿದರೆ, ಹಾಡಿನ ಹೆಸರು ಮೆಸೇಜಿನಲ್ಲಿ ಬರುತ್ತಿತ್ತು. ಅದು ರೆಕಾರ್ಡಿಂಗ್‌ನ ಬೆರಳಚ್ಚು ಹುಡುಕುತ್ತದೆ. ಹಾಗಾಗಿ ಕಲ್ಯಾಣ ಮಂಟಪದ ಆರ್ಕೆಸ್ಟ್ರಾದವರು ಹಾಡುವುದನ್ನು ಕೇಳಿಸಿದರೆ ಸಾಮಾನ್ಯವಾಗಿ ಕೈಚೆಲ್ಲುತ್ತದೆ. ಅದಕ್ಕೆ ಗೂಗಲ್ ಬಳಸಿ. 2020ರಿಂದ ಅದು ನೀವು ಗುನುಗಿದರೂ ಗುರುತು ಹಿಡಿಯುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಫೋನಿಗೆ ಗುನುಗುವ ಧೈರ್ಯ ಬೇಕು ಅಷ್ಟೆ.

ಎಲ್ಲೂ ಹೋಗುವ ಗುರಿಯಿಲ್ಲದಿದ್ದರೆ ರೇಡಿಯೋ ಗಾರ್ಡನ್ ತೆರೆಯಿರಿ. ಭೂಮಿಯ ಗೋಳ, ಅದರ ಮೇಲೆ ಹಸಿರು ಚುಕ್ಕಿಗಳು, ಒಂದೊಂದೂ ಒಂದೊಂದು ಊರಿನ ರೇಡಿಯೋ. ಮಾಲಿ ದೇಶದ ಬಾಮಾಕೋ ಕಡೆ ತಿರುಗಿಸಿ ನೋಡಿ. ನಿಮ್ಮ ಅಭಿರುಚಿ ಏನು ಅಂತ ಅದು ಕೇಳುವುದೇ ಇಲ್ಲ, ಅದೇ ಅದರ ಚಂದ. ಅಲ್ಲಿನ ಯಾರೋ ಒಬ್ಬರು ತಮ್ಮ ಊರಿಗೆ ಆರಿಸಿದ್ದನ್ನು ನೀವು ಜಯನಗರದಲ್ಲಿ ಕೂತು ಕೇಳುತ್ತೀರಿ. ನಮ್ಮ ಆಕಾಶವಾಣಿಯನ್ನು ಕೇಳಿ ಬೆಳೆದವರಿಗೆ ಈ ಸುಖ ಗೊತ್ತು. ಆಕಾಶವಾಣಿಯ ಹಳೆಯ ಧ್ವನಿಮುದ್ರಣ ಬೇಕಿದ್ದರೆ ಪ್ರಸಾರ ಭಾರತಿ ಆರ್ಕೈವ್ಸ್ ಚಾನೆಲ್ ಇದೆ.

ಆದರೂ ಹೆಸರುಗಳು ಸಿಗುವುದು ಫೋನಿನ ಹೊರಗೇ ಜಾಸ್ತಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ 1939ರಿಂದ ರಾಮನವಮಿ ಕಛೇರಿಗಳು ನಡೆದುಕೊಂಡು ಬಂದಿವೆ. 1905ರ ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿದೆ. ಅಲ್ಲಿಗೆ ಹೋದಾಗ ಮುಖ್ಯ ಗಾಯಕರ ಹೆಸರು ಬಿಡಿ, ಅದು ನಿಮಗೆ ಗೊತ್ತೇ ಇರುತ್ತದೆ. ಪಕ್ಕವಾದ್ಯದವರ ಹೆಸರು ಬರೆದುಕೊಳ್ಳಿ. ಪಿಟೀಲು, ಮೃದಂಗ, ಘಟ, ಖಂಜಿರ. ಆ್ಯಪ್‌ಗಳು ಮರೆತುಬಿಡುವುದು ಇವರನ್ನೇ. ಯೂಟ್ಯೂಬಿನಲ್ಲಿ ಮೃದಂಗದವರ ಹೆಸರು ಹಾಕಿ ಹುಡುಕಿದರೆ, ಅವರು ಬೇರೆ ಬೇರೆ ಊರಿನಲ್ಲಿ ಯಾರ್‍ಯಾರಿಗೆ ನುಡಿಸಿದ್ದಾರೋ ಅವರೆಲ್ಲ ಸಾಲಾಗಿ ಬರುತ್ತಾರೆ. ಒಬ್ಬ ಒಳ್ಳೆಯ ಮೃದಂಗದವರು ನಿಮಗೆ ಒಂದು ಡಜನ್ ಹೊಸ ಗಾಯಕರನ್ನು ಪರಿಚಯ ಮಾಡಿಸುತ್ತಾರೆ. ನಾನು ಕೇಳುವ ಅರ್ಧ ಗಾಯಕಿಯರು ನನಗೆ ಸಿಕ್ಕಿದ್ದು ಹೀಗೆಯೇ.

ಕೊನೆಗೆ ದುಡ್ಡಿನ ಮಾತು. ಸಿಕ್ಕಿದವರಿಗೆ ಏನು ಸಿಗುತ್ತದೆ? 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸದ ಹಾಡಿಗೆ ರಾಯಲ್ಟಿಯೇ ಇಲ್ಲ. ಸಿನಿಮಾ ಹಾಡಿಗೆ 1000 ಅಂದರೆ ಏನೂ ಅಲ್ಲ. ಆ ಯಲಹಂಕದ ಹುಡುಗಿಗೆ ಅದು ದೊಡ್ಡ ಬೆಟ್ಟ. ಬ್ಯಾಂಡ್‌ಕ್ಯಾಂಪ್ ಅನ್ನುವ ತಾಣದಲ್ಲಿ ಹಾಡನ್ನೇ ಕೊಳ್ಳಬಹುದು, ಕಂಪನಿ ಡಿಜಿಟಲ್ ಮಾರಾಟದಲ್ಲಿ ಇಟ್ಟುಕೊಳ್ಳುವುದು ಸುಮಾರು ನೂರಕ್ಕೆ 15. ಅಲ್ಲಿ ಊರಿನ ಹೆಸರಿನ ಟ್ಯಾಗ್ ಕೂಡ ಇದೆ. ಬೆಂಗಳೂರು ಅಂತ ಹೊಸ ಸ್ಪೆಲಿಂಗ್‌ನಲ್ಲೂ ಹಾಕಿ, ಬ್ಯಾಂಗಲೋರ್ ಅಂತ ಹಳೆಯದರಲ್ಲೂ ಹಾಕಿ, ಎರಡಕ್ಕೂ ಬೇರೆ ಬೇರೆ ಪಟ್ಟಿ ಬರುತ್ತದೆ. ಮೆಟಲ್, ಎಲೆಕ್ಟ್ರಾನಿಕ್, ಅರ್ಧ ಮುಗಿದ ಪ್ರಯೋಗಗಳು, ಎಲ್ಲ ಉಂಟು. ಎಲ್ಲವೂ ಚೆನ್ನಾಗಿರುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಪ್ರೊಜೆಕ್ಟರ್ ಆನ್ ಇದೆ, ವೈಫೈ ಕೂಡ ಸದ್ಯಕ್ಕೆ ನಡೆಯುತ್ತಿದೆ. ಸ್ಟಾರ್‌ಗಳು ಬೇಡ. ನಿಮ್ಮ ತಾಲ್ಲೂಕಿನಲ್ಲಿ ಹೆಸರಾದ ಒಬ್ಬ ಹಾಡುಗಾರರನ್ನೋ ವಾದ್ಯದವರನ್ನೋ ಹೇಳಿ. ಮೇಡಂ, ನೀವು ಮೊದಲು ಕೈ ಎತ್ತಿದಿರಿ. ಯಾವ ಊರು ನಿಮ್ಮದು?